ನೀನೇ ಕಮಿಷನರ್, ನಿನ್ ಗಂಡಾನೂ ಲೀಗಲ್ಲಿದಾನೆ, ಅದು ಹೆಂಗೆ ಫೇರ್ ಆಗತ್ತೆ?

ಎಲ್ಲರೂ ಕೇಳೋ ಈ ಪ್ರಶ್ನೆಗೆ ಬಾಯಲ್ಲಿ ಉತ್ತರ ಹೇಳಿ ಹೇಳಿ ಸಾಕಾಗಿದೆ. ಇನ್ಮೇಲೆ ಯಾರು ಕೇಳಿದ್ರೂ ಇದನ್ನೇ ಕಳಿಸ್ತೀನಿ, ಓದಿದ್ರೆ ಓದ್ಲಿ, ಬಿಟ್ರೆ ಬಿಡ್ಲಿ.

ವಿಷಯ ಗೊತ್ತಿಲ್ಲದೋರಿಗೆ ಎರಡು ಮಾತು. ನಾವು ಹನ್ನೆರಡು ಜನ, ಹೆಚ್ಚಿನೋರು ನನ್ನ ಮೊದಲನೇ ಕೆಲಸದ ಆಫೀಸಿನ ಫ್ರೆಂಡ್ಸು, ನ್ಯೂಜೆರ್ಸಿಲಿ ಕೂತು ಒಂದು ಫ್ಯಾಂಟಸಿ ಬೇಸ್‌ಬಾಲ್ ಲೀಗ್ ನಡೆಸ್ತೀವಿ. ಒಬ್ಬೊಬ್ಬರಿಗೆ 260 ಡಾಲರ್, ನಿಜವಾದ ದುಡ್ಡಲ್ಲ, ಲೆಕ್ಕಕ್ಕೆ ಮಾತ್ರ. ಅದರಲ್ಲಿ ಹರಾಜು ಕೂಗಿ 23 ಆಟಗಾರರನ್ನ ತಗೋಬೇಕು, ಆಮೇಲೆ ಅವರು ನಿಜವಾದ ಮ್ಯಾಚಲ್ಲಿ ಹೊಡೆದ ಹೋಮ್ ರನ್ನು, ಕದ್ದ ಬೇಸು, ಪಿಚರ್‌ಗಳು, ಅಂದ್ರೆ ಬಾಲ್ ಎಸೆಯೋರು, ತೆಗೆದ ಸ್ಟ್ರೈಕ್‌ಔಟು ಎಲ್ಲ ನಮ್ಮ ಪಾಯಿಂಟಿಗೆ ಜಮಾ. ಡ್ರೀಮ್ ಇಲೆವೆನ್ ಥರನಾ ಅಂತ ಬೆಂಗಳೂರಿಂದ ಕಸಿನ್ಸ್ ಕೇಳ್ತಾರೆ. ಅಲ್ಲ ಕಣ್ರೋ, ಅದು ಒಂದು ಮ್ಯಾಚಿಗೆ ಮುಗಿಯತ್ತೆ, ಇಲ್ಲಿ ಒಂದೊಂದು ಟೀಮಿಗೂ 162 ಮ್ಯಾಚು, ಮಾರ್ಚ್ ಕೊನೆಯಿಂದ ಸೆಪ್ಟೆಂಬರ್ ಕೊನೆವರೆಗೆ, ಅದು ಮುಗಿದ ಮೇಲೂ ನಮ್ದು ಮುಗಿಯಲ್ಲ ಯಾಕಂದ್ರೆ ಆಟಗಾರರನ್ನ ಮುಂದಿನ ವರ್ಷಕ್ಕೆ ಇಟ್ಕೋಬಹುದು. ಹರಾಜಲ್ಲಿ ತಗೊಂಡೋನನ್ನ ಮೂರು ಸೀಸನ್, ಹೊಸಬ ಅಂತ ಬೇರೆ ಡ್ರಾಫ್ಟಲ್ಲಿ, ಅಂದ್ರೆ ಸರದಿ ಪ್ರಕಾರ ಒಬ್ಬೊಬ್ಬರೇ ಆರಿಸೋದ್ರಲ್ಲಿ, ತಗೊಂಡೋನನ್ನ ಆರು ಸೀಸನ್. ಮೇಜರ್ ಲೀಗಲ್ಲೂ, ಅಂದ್ರೆ ಇಲ್ಲಿನ ನಿಜವಾದ ದೊಡ್ಡ ಬೇಸ್‌ಬಾಲ್ ಲೀಗಲ್ಲೂ, ಹೊಸಬನ ಮೇಲೆ ಟೀಮಿಗೆ ಆರು ವರ್ಷದ ಹಿಡಿತ ಇರತ್ತಲ್ಲ, ಅದನ್ನೇ ಕಾಪಿ ಹೊಡೆದಿದೀವಿ.

ಈ ಲೀಗಿಗೆ ಶುರುವಿಂದ ನಾನೇ ಕಮಿಷನರ್, ಅಂದ್ರೆ ನಿಯಮ ನೋಡ್ಕೊಂಡು ಲೀಗ್ ನಡೆಸೋಳು. ನನಗೂ ಒಂದು ಟೀಮಿದೆ. ನನ್ನ ಗಂಡನಿಗೂ ಒಂದು ಟೀಮಿದೆ. ಇಷ್ಟು ಗೊತ್ತಾದ ತಕ್ಷಣ ಜನರ ಮುಖದಲ್ಲಿ ಒಂದು ನಗು ಬರತ್ತೆ ನೋಡಿ, ನನಗೆ ಉರಿಯೋದು ಆ ನಗುಗೆ.

ಕನ್ನಡ ಕೂಟದ ಯುಗಾದಿ ಊಟದಲ್ಲಿ ಒಬ್ಬ ಅಂಕಲ್ಲು, ಹೋಳಿಗೆ ಮೇಲೆ ತುಪ್ಪ ಹಾಕಿಸ್ಕೊಳ್ತಾ, "ಅಲ್ಲಮ್ಮಾ, ಬೇಲಿನೇ ಎದ್ದು ಹೊಲ ಮೇಯ್ದ್ರೆ ಹೆಂಗೆ?" ಅಂದ್ರು. ಅವರಿಗೆ ಬೇಸ್‌ಬಾಲಲ್ಲಿ ಎಷ್ಟು ಬೇಸ್ ಇರತ್ತೆ ಅಂತನೂ ಗೊತ್ತಿಲ್ಲ! ಆದ್ರೂ ನಾನು ಕಳ್ಳಿ ಅಂತ ಗೊತ್ತಾಗ್ಬಿಡ್ತು. ಮೇಯೋಕೆ ಹೊಲದಲ್ಲಿ ಏನಿದೆ ಅಂಕಲ್, ಹನ್ನೆರಡು ಜನ ತಲಾ ನೂರು ಡಾಲರ್ ಹಾಕ್ತೀವಿ, ಅದರಲ್ಲಿ ಲೀಗ್ ನಡೆಸೋ ವೆಬ್‌ಸೈಟಿನ ಖರ್ಚು, ಟ್ರೋಫಿ ಮೇಲೆ ಹೆಸರು ಕೆತ್ತಿಸೋ ಖರ್ಚು ಕಳೆದು ಉಳಿದದ್ದು ಮೂರು ಜನಕ್ಕೆ ಹಂಚಬೇಕು. ಇನ್ನು ಈ ಆಟ ಕಂಡುಹಿಡಿದ ಡೇನಿಯಲ್ ಒಕ್ರೆಂಟ್ 1980ರಲ್ಲಿ ನ್ಯೂಯಾರ್ಕಲ್ಲಿ ಮೊದಲ ಲೀಗ್ ಶುರು ಮಾಡಿದ, ಅವರು ಸೇರ್ತಿದ್ದ ಫ್ರೆಂಚ್ ಹೋಟೆಲಿನ ಹೆಸರಿಂದನೇ ಆಟಕ್ಕೆ ರೋಟಿಸರಿ ಅಂತ ಹೆಸರು ಬಂತು, ಕಮಿಷನರೂ ಅವನೇ, ಆಡೋನೂ ಅವನೇ. ಅವನು ಆ ಲೀಗ್ ಒಂದು ಸಲಾನೂ ಗೆಲ್ಲಲಿಲ್ಲ. ಕಮಿಷನರ್ ಆದ್ರೆ ಸಿಗೋ ಲಾಭ ಅಷ್ಟೇ.

ಸರಿ, ಓಟಾನಿ ವಿಷಯಕ್ಕೆ ಬರ್ತೀನಿ. ಎಲ್ಲರೂ ಸುತ್ತಿ ಬಳಸಿ ಕೇಳೋದು ಅದನ್ನೇ.

ಶೋಹೇ ಓಟಾನಿ 2017ರ ಡಿಸೆಂಬರಲ್ಲಿ ಜಪಾನಿಂದ ಏಂಜಲ್ಸ್ ಟೀಮಿಗೆ ಬಂದ. ಬ್ಯಾಟೂ ಮಾಡ್ತಾನೆ, ಪಿಚ್ಚೂ ಮಾಡ್ತಾನೆ. 2018ರ ಮಾರ್ಚಲ್ಲಿ ನಮ್ಮ ಹೊಸಬರ ಡ್ರಾಫ್ಟು, ಮೊದಲ ಸರದಿ ನನ್ನ ಗಂಡಂದು, ಎರಡನೇದು ನಂದು. ಅವನು "ಓಟಾನಿ" ಅಂದ. ಸೈಟು ನೋಡಿದ್ರೆ ಅದರಲ್ಲಿ ಇಬ್ಬರು ಓಟಾನಿ, ಒಬ್ಬ ಬ್ಯಾಟರ್, ಒಬ್ಬ ಪಿಚರ್! ಕೆಲವು ಸೈಟು ಅವನನ್ನ ಒಬ್ಬ ಅಂತ ಲೆಕ್ಕ ಹಾಕಿತ್ತು, ಕೆಲವು ಇಬ್ಬರು ಅಂತ, ನಮ್ದು ಇಬ್ಬರು ಅನ್ನೋ ಪೈಕಿ. ನನ್ನ ಗಂಡ ಒಂದನ್ನ ತಗೊಂಡ್ರೆ ಇನ್ನೊಂದು ಯಾರಿಗೆ? ಸರದಿ ಪ್ರಕಾರ ನನಗೆ! ನಾನಾಗ ಕೈಯಲ್ಲಿದ್ದ ಕಾಫಿ ಕೆಳಗಿಟ್ಟು, ಇದನ್ನ ನಾನು ತೀರ್ಮಾನ ಮಾಡಲ್ಲ, ನನ್ನ ಗಂಡಾನೂ ಮಾಡಲ್ಲ, ಬೇರೆ ಮೂರು ಜನ ಪಕ್ಕದ ರೂಮಿಗೆ ಹೋಗಿ ಮಾತಾಡ್ಕೊಂಡು ಬನ್ನಿ ಅಂದೆ. ಹತ್ತಿರದವರದೇ ವಿಷಯ ಬಂದ್ರೆ ಹಂಗೆ ಮಾಡಬೇಕು ಅಂತ ನಮ್ಮ ನಿಯಮದಲ್ಲೇ ಇದೆ. ಅವರು ಬಂದು ಹೇಳಿದ್ದು: ಮನುಷ್ಯ ಒಬ್ಬ, ಟೀಮೂ ಒಂದೇ, ಎರಡೂ ಥರ ಆಡಿಸಬೇಕಂದ್ರೆ 23ರಲ್ಲಿ ಎರಡು ಜಾಗ ಖರ್ಚು ಮಾಡ್ಲಿ. ಆವತ್ತು ನಷ್ಟ ಆಗಿದ್ದು ನನಗೆ. ಮಿಕ್ಕ ಹತ್ತು ಜನ ಪಿಜ್ಜಾ ತಿನ್ಕೊಂಡು ಸುಮ್ಮನಿದ್ರು.

ಆಮೇಲೆ ಓಟಾನಿ ಮೊಣಕೈ ಆಪರೇಷನ್ ಆಯ್ತು, 2019ರಲ್ಲಿ ಪಿಚ್ ಮಾಡಲೇ ಇಲ್ಲ. 2020ರಲ್ಲಿ ಕೊರೊನಾ. ಸೀಸನ್ ಜುಲೈ 23ಕ್ಕೆ ಶುರು, ಬರೀ 60 ಮ್ಯಾಚು, ಕೆಳಗಿನ ಹಂತದ ಮೈನರ್ ಲೀಗು ಪೂರ್ತಿ ರದ್ದು. ಈ ವರ್ಷನ ಕಾಂಟ್ರಾಕ್ಟ್, ಅಂದ್ರೆ ಆ ಮೂರು, ಆರು ಸೀಸನ್ನಿನ, ಲೆಕ್ಕಕ್ಕೆ ಹಿಡೀಬೇಕಾ ಬೇಡ್ವಾ ಅಂತ ದೊಡ್ಡ ಚರ್ಚೆ. ವಯಸ್ಸಾದ ಆಟಗಾರರನ್ನ ಇಟ್ಕೊಂಡೋರಿಗೆ ಒಂದು ಆಸೆ, ಚಿಕ್ಕೋರನ್ನ ಇಟ್ಕೊಂಡೋರಿಗೆ ಇನ್ನೊಂದು. ನಾನು ಒಂದೇ ಹಠ ಹಿಡಿದೆ, ಮೊದಲನೇ ಬಾಲ್ ಬೀಳೋದ್ರೊಳಗೆ ವೋಟ್ ಮುಗೀಬೇಕು. ಮುಗೀತು. ಲೆಕ್ಕಕ್ಕಿಲ್ಲ ಅಂತ ತೀರ್ಮಾನ, ಒಬ್ಬರೂ ತಕರಾರು ಎತ್ತಲಿಲ್ಲ. ಆ ವರ್ಷ ಓಟಾನಿ 190ರ ಆವರೇಜಲ್ಲಿ ಬ್ಯಾಟ್ ಮಾಡಿದ, ಅಂದ್ರೆ ಸಾವಿರ ಸಲಕ್ಕೆ 190 ಹಿಟ್ಟು, ತೀರಾ ಕಡಿಮೆ, ಯಾರ ಕಣ್ಣೂ ಅವನ ಮೇಲೆ ಇರಲಿಲ್ಲ.

2021ರಲ್ಲಿ 46 ಹೋಮ್ ರನ್, ಪಿಚರ್ ಆಗಿ 9 ಗೆಲುವು, ಒಂದು ವೋಟೂ ಬಿಡದೆ ಎಂವಿಪಿ, ಅಂದ್ರೆ ವರ್ಷದ ಅತ್ಯುತ್ತಮ ಆಟಗಾರ. ಈಗ ನೋಡಿ, ಎಲ್ಲರಿಗೂ ನ್ಯಾಯ ನೆನಪಾಯ್ತು. ಅವನನ್ನ ಎರಡು ಭಾಗ ಮಾಡಿ ಅಂತ ಜುಲೈನಲ್ಲೇ ಗ್ರೂಪಲ್ಲಿ ಮೆಸೇಜು. ಮಾಡಲ್ಲ ಅಂದೆ. ನಮ್ಮಲ್ಲಿ ನಿಯಮ ಬದಲಾಗಬೇಕಂದ್ರೆ ಸೀಸನ್ ಮುಗಿದ ಮೇಲೆ, ಹನ್ನೆರಡರಲ್ಲಿ ಎಂಟು ವೋಟು ಬೀಳಬೇಕು, ಬಿದ್ದ ಮೇಲೂ ಬರೋ ಸೀಸನ್ನಿಗಲ್ಲ, ಅದರ ಮುಂದಿನದಕ್ಕೆ ಜಾರಿ, ಈಗಾಗ್ಲೇ ಇರೋ ಕಾಂಟ್ರಾಕ್ಟ್ ಮುಟ್ಟಂಗಿಲ್ಲ. ಇದು ನೋಡೋಕೆ ಸರ್ಕಾರಿ ಆಫೀಸಿನ ಥರ ಇದೆ ಅಂತ ಬೈದ್ರು. ಬೈಲಿ. ಒಂದೇ ವರ್ಷದ ಲೀಗಾದ್ರೆ ಏನ್ ಬೇಕಾದ್ರೂ ಮಾಡ್ಕೊಳ್ಳಿ, ವರ್ಷಗಟ್ಟಲೆ ನಡೆಯೋ ಲೀಗಲ್ಲಿ ಜನ ಇವತ್ತಿನ ನಿಯಮ ನಂಬಿ ಮೂರು ವರ್ಷ ಆಚೆಗೆ ಲೆಕ್ಕ ಹಾಕಿರ್ತಾರೆ. ಯಾರಿಗೆ ಲಾಭ ಅಂತ ಗೊತ್ತಾದ ಮೇಲೆ ಬರೆಯೋ ನಿಯಮ ನಿಯಮಾನೇ ಅಲ್ಲ, ಅದು ಜಗಳದಲ್ಲಿ ಒಬ್ಬರ ಪಾರ್ಟಿ ಸೇರ್ಕೊಂಡಂಗೆ.

ತಮಾಷೆ ಏನು ಗೊತ್ತಾ, 2020 ಲೆಕ್ಕಕ್ಕಿಲ್ಲ ಅಂತ ಆಯ್ತಲ್ಲ, ಅದರಿಂದ ಓಟಾನಿ ಆರನೇ ಸೀಸನ್ನು ಜಾರಿ 2024ಕ್ಕೆ ಬಂತು. ಆ ವರ್ಷ ಅವನು ಡಾಡ್ಜರ್ಸಲ್ಲಿ 54 ಹೋಮ್ ರನ್, 59 ಬೇಸ್ ಕದ್ದ. ಗ್ರೂಪಲ್ಲಿ ಒಬ್ಬ, ಹೆಸರು ಹೇಳಲ್ಲ, ಕೈಮುಗಿಯೋ ಎಮೋಜಿ ಹಾಕಿ "ಒಳ್ಳೆ ಪ್ಲಾನಿಂಗ್" ಅಂತ ಬರೆದ. ಅಂದ್ರೆ ಸಾಂಕ್ರಾಮಿಕ ರೋಗ ನಾನೇ ತರಿಸ್ದೆ ಅಂತನಾ? ಇಷ್ಟೆಲ್ಲ ಆಗಿ ನನ್ನ ಗಂಡ ಆ ವರ್ಷನೂ ಗೆಲ್ಲಲಿಲ್ಲ, ಅವನ ಮಿಕ್ಕ ಪಿಚರ್‌ಗಳನ್ನ ನೋಡಿದ್ರೆ ನಿಮಗೇ ಅಯ್ಯೋ ಅನ್ಸತ್ತೆ. ಮತ್ತೆ ನಮ್ಮಿಬ್ಬರ ಮಧ್ಯೆ ಟ್ರೇಡ್, ಅಂದ್ರೆ ಆಟಗಾರರ ಅದಲುಬದಲು, ಪೂರ್ತಿ ಬ್ಯಾನು, ಆ ನಿಯಮ ತಂದಿದ್ದೇ ನಾನು. ಅಡುಗೆಮನೇಲಿ ಪಾತ್ರೆ ತೊಳೀತಾ ಒಳ್ಳೆ ಆಫರ್ ಕೊಡ್ತಾನೆ, ಬೇಡ ಅನ್ನಬೇಕು, ನೋವು ನನಗೆ ಗೊತ್ತು.

ಬೇರೆಯೋರ ಟ್ರೇಡನ್ನ ನಾನು ತಡೆಯೋದೂ ಇಲ್ಲ, ವೋಟಿಗೂ ಹಾಕೋದಿಲ್ಲ. ವೋಟಿಗೆ ಹಾಕಿದ್ರೆ ಪೈಪೋಟಿಲಿ ಇರೋನು ತನಗೆ ತೊಂದರೆ ಅನ್ನಿಸಿದ್ದಕ್ಕೆಲ್ಲ ಬೇಡ ಅಂತಾನೆ. ಇಬ್ಬರು ಸೇರ್ಕೊಂಡು ಮೋಸ ಮಾಡ್ತಿದಾರೆ ಅನ್ನೋಕೆ ಆಧಾರ ಇದ್ರೆ ಮಾತ್ರ ನಿಲ್ಲಿಸ್ತೀನಿ. ದಡ್ಡತನ ಮಾಡೋ ಹಕ್ಕು ಎಲ್ಲರಿಗೂ ಇದೆ.

ಕಮಿಷನರ್ ಕೆಲಸಕ್ಕೆ ಮರ್ಯಾದೆ ಸಿಗತ್ತೆ ಅಂದ್ಕೊಂಡೋರಿಗೆ ಒಂದು ಸುದ್ದಿ. 2022ರ ಮೇ ತಿಂಗಳಲ್ಲಿ ಸಿನ್ಸಿನಾಟಿಲಿ, ಮ್ಯಾಚ್ ಶುರುವಾಗೋ ಮುಂಚೆ, ರೆಡ್ಸ್ ಆಟಗಾರ ಟಾಮಿ ಫ್ಯಾಮ್ ಎದುರು ಟೀಮಿನ ಜಾಕ್ ಪೀಡರ್ಸನ್ ಕೆನ್ನೆಗೆ ಬಾರಿಸಿದ. ಕಾರಣ ಅವರು ಆಡ್ತಿದ್ದ ಫ್ಯಾಂಟಸಿ ಫುಟ್‌ಬಾಲ್ ಲೀಗು, ಗಾಯದವರಿಗೆ ಅಂತ ಇರೋ ಜಾಗದಲ್ಲಿ ಯಾರನ್ನ ಇಡಬಹುದು ಅನ್ನೋ ಜಗಳ. ಮೂರು ಮ್ಯಾಚ್ ಸಸ್ಪೆಂಡ್ ಆದ. ಆ ಲೀಗಿನ ಕಮಿಷನರ್ ಯಾರು ಗೊತ್ತಾ, ಮೈಕ್ ಟ್ರೌಟ್, ಮೂರು ಸಲ ಎಂವಿಪಿ ಆದೋನು. ಫ್ಯಾಮ್ ಪತ್ರಕರ್ತರ ಮುಂದೆನೇ ಟ್ರೌಟಿನಷ್ಟು ಕೆಟ್ಟ ಕಮಿಷನರ್ ಇಲ್ಲ ಅಂದ. ಟ್ರೌಟಿಗೇ ಈ ಗತಿ ಆದ್ರೆ ನಾನ್ಯಾರು.

ಇಷ್ಟು ವರ್ಷದಲ್ಲಿ ಒಬ್ಬರಾದ್ರೂ ಒಂದು ಒಳ್ಳೆ ಪ್ರಶ್ನೆ ಕೇಳಿದ್ರೆ ಕೂರಿಸಿ ಊಟ ಹಾಕ್ತಿದ್ದೆ: ಆಗಸ್ಟಲ್ಲಿ ಹನ್ನೊಂದನೇ ಜಾಗದಲ್ಲಿರೋನು ಯಾಕೆ ಇನ್ನೂ ದಿನಾ ಲೈನಪ್, ಅಂದ್ರೆ ಆವತ್ತು ಆಡಿಸೋರ ಪಟ್ಟಿ, ಹಾಕ್ತಾನೆ? ಲೀಗ್ ಸಾಯೋದು ಮೋಸದಿಂದಲ್ಲ ಕಣ್ರೀ, ಸೋಲ್ತಿರೋನು ಆಪ್ ತೆಗೆಯೋದು ನಿಲ್ಲಿಸಿದಾಗ. ಅವನ ಟೀಮಲ್ಲಿ ಗಾಯ ಆದೋರೇ ಕೂತಿರ್ತಾರೆ, ವಾರಕ್ಕೊಬ್ಬರ ಎದುರು ಆಡೋ ಆಟದಲ್ಲಿ ಅವನ ಎದುರು ಆ ವಾರ ಬಂದೋನಿಗೆ ಬಿಟ್ಟಿ ಗೆಲುವು, ಮೇ ತಿಂಗಳಲ್ಲಿ ಅವನ ಎದುರು ಆಡಿದೋನಿಗೆ ಆ ಭಾಗ್ಯ ಇಲ್ಲ. ಕೊನೆ ಬಂದೋನಿಗೆ ಮುಂದಿನ ವರ್ಷ ಮೊದಲ ಸರದಿ ಅಂತ ಇಟ್ರಂತೂ ಮುಗೀತು, ಬೇಕಂತಲೇ ಸೋಲ್ತಾರೆ. ಮೇಜರ್ ಲೀಗಿಗೂ ಅದೇ ತಲೆನೋವು, ಅದಕ್ಕೇ 2022ರ ಡಿಸೆಂಬರಲ್ಲಿ ಮೊದಲ ಸಲ ಡ್ರಾಫ್ಟಿಗೆ ಲಾಟರಿ ಎತ್ತಿದ್ರು, ತಳದ ಮೂರು ಟೀಮಿಗೂ ಒಂದೇ ಸಮ ಅವಕಾಶ. ಪೈರೇಟ್ಸ್ ಟೀಮಿಗೆ ಹೊಡೀತು, ಪಾಲ್ ಸ್ಕೀನ್ಸ್ ಅನ್ನೋ ಪಿಚರನ್ನ ತಗೊಂಡ್ರು.

ನಮ್ಮಲ್ಲಿ ಲಾಟರಿ ಇಲ್ಲ. ಕೆಳಗಿನ ಆರು ಜನರಲ್ಲಿ ಮೇಲೆ ಬಂದೋನಿಗೆ, ಅಂದ್ರೆ ಏಳನೇ ಜಾಗದೋನಿಗೆ, ಮೊದಲ ಸರದಿ. 2023ರಲ್ಲಿ ದಾವಣಗೆರೆ ಹುಡುಗ ಒಬ್ಬ ಬಿಟ್ಟುಹೋದ ಟೀಮ್ ತಗೊಂಡ, ಕೊನೇ ಜಾಗದ ಟೀಮು, ಅದರಲ್ಲಿ ಹೇಳ್ಕೊಳ್ಳೋಂಥೋರು ಯಾರೂ ಇರಲಿಲ್ಲ. ಆ ವರ್ಷ ಮೇಜರ್ ಲೀಗಲ್ಲಿ ಬೇಸ್ ದೊಡ್ಡದು ಮಾಡಿದ್ರು, 15 ಇಂಚಿದ್ದಿದ್ದು 18 ಆಯ್ತು, ಪಿಚರ್ ರನ್ನರನ್ನ ತಡೆಯೋಕೆ ಎಷ್ಟು ಸಲ ಎಸೀಬಹುದು ಅನ್ನೋದಕ್ಕೂ ಮಿತಿ ಹಾಕಿದ್ರು, ಎರಡರಿಂದಲೂ ಬೇಸ್ ಕದಿಯೋದು ಸುಲಭ. ಇವನು ಅದನ್ನ ಓದ್ಕೊಂಡು ಹರಾಜಲ್ಲಿ ಓಡೋರನ್ನೇ ಒಂದೆರಡು ಡಾಲರಿಗೆ ಎತ್ತಿಕೊಂಡ. ನಾವೆಲ್ಲ ನಕ್ಕಿದ್ವಿ. 2022ರಲ್ಲಿ ಎಲ್ಲ ಟೀಮೂ ಸೇರಿ 2486 ಬೇಸ್ ಕದ್ದಿದ್ರು, 2023ರಲ್ಲಿ 3503. ಸೆಪ್ಟೆಂಬರ್ ಕೊನೇ ವಾರ ಏಳನೇ ಜಾಗಕ್ಕೆ ಮೂರು ಜನ ಹೊಡೆದಾಟ, ಇವನು ಆಫೀಸ್ ಮೀಟಿಂಗಲ್ಲಿ ಕ್ಯಾಮೆರಾ ಆಫ್ ಮಾಡಿ ಲೈನಪ್ ಬದಲಾಯಿಸ್ತಾ "ಅಕ್ಕಾ, ಮಳೆ ಬಂದು ಮ್ಯಾಚ್ ನಿಂತ್ರೆ ಕದ್ದ ಬೇಸ್ ಎಣಿಸ್ತಾರಾ?" ಅಂತ ನನಗೆ ಮೆಸೇಜು. ಚಾಂಪಿಯನ್ ಯಾರು ಅನ್ನೋದು ಆಗ್ಲೇ ಗೊತ್ತಾಗಿತ್ತು, ಗ್ರೂಪಲ್ಲಿ ಎಲ್ಲರೂ ನೋಡ್ತಿದ್ದಿದ್ದು ಏಳನೇ ಜಾಗನ. ಏಳನೇದು ಅವನಿಗೇ ಸಿಕ್ತು, ಮುಂದಿನ ಮಾರ್ಚಲ್ಲಿ ಅದೇ ಪಾಲ್ ಸ್ಕೀನ್ಸನ್ನ ತಗೊಂಡ, ಸ್ಕೀನ್ಸ್ 2024ರಲ್ಲಿ ನ್ಯಾಷನಲ್ ಲೀಗಿನ, ಅಂದ್ರೆ ಮೇಜರ್ ಲೀಗಿನ ಅರ್ಧ ಭಾಗದ, ವರ್ಷದ ಹೊಸಬ ಪ್ರಶಸ್ತಿ ಗೆದ್ದ.

ಇನ್ನೊಂದು, ಮುಂದಿನ ವರ್ಷದ ಡ್ರಾಫ್ಟ್ ಸರದಿನ ಈಗಲೇ ಮಾರ್ಕೊಂಡು ಆಮೇಲೆ ನಾಪತ್ತೆ ಆಗೋರಿಗೆ ನಮ್ಮಲ್ಲಿ ಮದ್ದಿದೆ. ಸರದಿ ಟ್ರೇಡ್ ಮಾಡಿದ ಕ್ಷಣವೇ ಮುಂದಿನ ವರ್ಷದ ಫೀ ಮುಂಗಡ ಕಟ್ಟಬೇಕು. ಬಿಟ್ಟುಹೋದ್ರೆ ಆ ದುಡ್ಡಲ್ಲಿ ಹೊಸಬರಿಗೆ ಮೊದಲ ವರ್ಷ ಫ್ರೀ.

ಈ ಸಲ ಹಂಗೇ ಒಂದು ಟೀಮ್ ಖಾಲಿ ಆಗಿದೆ. ಒಳ್ಳೆ ಶಾರ್ಟ್‌ಸ್ಟಾಪ್ ಒಬ್ಬ ಇದಾನೆ, ಕ್ಯಾಚರ್ ಇಲ್ಲ, ಪಿಚರ್‌ಗಳಲ್ಲಿ ಅರ್ಧ ಜನ ಮೊಣಕೈ ಆಪರೇಷನ್ ಮಾಡಿಸ್ಕೊಂಡು ಮನೇಲಿದಾರೆ. ನಿಯಮದ ಫೈಲು ಮೊದಲು ಕಳಿಸ್ತೀನಿ, ಪೂರ್ತಿ ಓದಿ, ಡೌಟ್ ಇದ್ರೆ ಹರಾಜಿಗೆ ಮುಂಚೆ ಕೇಳಿ, ಮೊದಲ ಮ್ಯಾಚ್ ಆದ ಮೇಲೆ ಕೇಳಿದ್ರೆ ಮುಂದಿನ ಚಳಿಗಾಲದ ಪಟ್ಟಿಗೆ ಸೇರಿಸ್ತೀನಿ. ಈ ವರ್ಷದ ಫೀ ಬಿಟ್ಟುಹೋದೋರೇ ಕಟ್ಟಿದಾರೆ.