ಹದಿಮೂರಕ್ಕೆ ಹದಿಮೂರು ಗೆದ್ದವರನ್ನು ಹೊರಗಿಟ್ಟ ಭಾನುವಾರ

ಅಮೆರಿಕದ ಕಾಲೇಜು ಫುಟ್‌ಬಾಲ್‌ನಲ್ಲಿ ಹದಿಮೂರು ಪಂದ್ಯ ಆಡಿ ಹದಿಮೂರನ್ನೂ ಗೆದ್ದ ತಂಡಕ್ಕೆ ಚಾಂಪಿಯನ್ ಪಟ್ಟಕ್ಕಾಗಿ ಆಡುವ ಅವಕಾಶವನ್ನೇ ಕೊಡಲಿಲ್ಲ ಎಂದು ಹೇಳಿದರೆ ಊರಿನಲ್ಲಿ ಯಾರೂ ಸುಲಭವಾಗಿ ನಂಬುವುದಿಲ್ಲ. ಮೈಸೂರಿನಿಂದ ಫೋನ್ ಮಾಡಿದ್ದ ನನ್ನ ತಮ್ಮನೂ ನಂಬಲಿಲ್ಲ. "ಅಂಕಪಟ್ಟಿ ಅಂತ ಒಂದು ಇರುತ್ತದಲ್ಲ ಅಕ್ಕ, ಅದರಲ್ಲಿ ಮೇಲಿರುವವರು ತಾನೇ ಮುಂದೆ ಹೋಗಬೇಕು?" ಎಂದ. ಇಲ್ಲಿ ಅಂಥ ಅಂಕಪಟ್ಟಿ ಇಲ್ಲ. ಇರುವುದು ಒಂದು ಸಮಿತಿ. ಆ ಸಮಿತಿ 2023ರ ಡಿಸೆಂಬರ್ 3ರಂದು ನಾನು ಇರುವ ಊರಿಗೆ ಮಾಡಿದ್ದನ್ನು ಇಲ್ಲಿನ ಜನ ಇನ್ನೂ ಮರೆತಿಲ್ಲ. ನಾನೂ ಮರೆತಿಲ್ಲ.

ನಮ್ಮ ಊರು ಟ್ಯಾಲಹ್ಯಾಸಿ. ಫ್ಲೋರಿಡಾ ಎಂದರೆ ಸಮುದ್ರತೀರ, ಮಯಾಮಿ, ಡಿಸ್ನಿ ಎಂದುಕೊಳ್ಳುವವರಿಗೆ ಇದು ರಾಜ್ಯದ ರಾಜಧಾನಿ ಎಂಬುದೇ ಗೊತ್ತಿರುವುದಿಲ್ಲ. ಏರುತಗ್ಗಿನ ರಸ್ತೆಗಳು, ಕೊಂಬೆಗಳಿಂದ ಬೂದುಬಣ್ಣದ ಪಾಚಿ ಜೋತಾಡುವ ಓಕ್ ಮರಗಳು, ಅರ್ಧ ಗಂಟೆ ಕಾರು ಓಡಿಸಿದರೆ ಜಾರ್ಜಿಯಾ ರಾಜ್ಯ. ಊರನ್ನು ನಡೆಸುವುದು ಎರಡು: ಸರ್ಕಾರಿ ಕಚೇರಿಗಳು ಮತ್ತು ಫ್ಲೋರಿಡಾ ಸ್ಟೇಟ್ ವಿಶ್ವವಿದ್ಯಾಲಯ. ವಿಶ್ವವಿದ್ಯಾಲಯದ ಡೋಕ್ ಕ್ಯಾಂಪ್‌ಬೆಲ್ ಸ್ಟೇಡಿಯಂನಲ್ಲಿ 2023ರಲ್ಲಿ ಸುಮಾರು 80 ಸಾವಿರ ಜನ ಕೂರಬಹುದಿತ್ತು. ಪಂದ್ಯವಿರುವ ಶನಿವಾರ ಬೆಳಗಿನಿಂದಲೇ ಕೆಂಗಂದು ಮತ್ತು ಚಿನ್ನದ ಬಣ್ಣದ ಅಂಗಿಗಳು ರಸ್ತೆ ತುಂಬುತ್ತವೆ, ಮನೆಗಳ ಮುಂದಿನ ಹುಲ್ಲುಹಾಸು ಪಾರ್ಕಿಂಗ್ ಜಾಗವಾಗುತ್ತದೆ, ಟ್ರಕ್ಕುಗಳ ಹಿಂಬದಿ ತೆರೆದು ಒಲೆ ಹಚ್ಚಿ ಮಾಂಸ ಸುಡುತ್ತಾರೆ. ನಾವು ಕೆಲವು ಕನ್ನಡದ ಕುಟುಂಬಗಳು ನವೆಂಬರ್‌ನಲ್ಲಿ ರಾಜ್ಯೋತ್ಸವಕ್ಕೆ ದಿನ ಗೊತ್ತುಮಾಡುವಾಗ ಪಂಚಾಂಗಕ್ಕಿಂತ ಮೊದಲು ಫುಟ್‌ಬಾಲ್ ವೇಳಾಪಟ್ಟಿ ನೋಡುತ್ತೇವೆ. ತವರು ಪಂದ್ಯದ ದಿನ ಇಟ್ಟರೆ ಅಡುಗೆ ಸಾಮಾನು ಹೊತ್ತ ಕಾರು ಸಭಾಂಗಣ ಮುಟ್ಟುವುದೇ ಕಷ್ಟ.

ಇಲ್ಲಿನ ಫುಟ್‌ಬಾಲ್ ನಮ್ಮದಲ್ಲ, ಹೆಲ್ಮೆಟ್ ಹಾಕಿ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಕಾಲೇಜು ಮಟ್ಟದ ಅತ್ಯುನ್ನತ ವಿಭಾಗದಲ್ಲಿ 130ಕ್ಕೂ ಹೆಚ್ಚು ತಂಡಗಳಿವೆ. ಒಂದು ತಂಡ ಒಂದು ವರ್ಷಕ್ಕೆ ಆಡುವುದು ಹನ್ನೆರಡು ಪಂದ್ಯ, ಅದರ ಮೇಲೆ, ಕಾನ್ಫರೆನ್ಸ್ ಎಂಬ ತನ್ನ ಕಾಲೇಜುಗಳ ಗುಂಪಿನಲ್ಲಿ ಮೇಲೆ ಬಂದರೆ ಅದರ ಫೈನಲ್ ಒಂದು. ದೇಹಕ್ಕೆ ಬೀಳುವ ಪೆಟ್ಟು ನೋಡಿದರೆ ಅದಕ್ಕಿಂತ ಹೆಚ್ಚು ಆಡಿಸುವುದೂ ಕಷ್ಟ. ಹಾಗಾಗಿ ಎಲ್ಲರೂ ಎಲ್ಲರೊಡನೆ ಆಡುವ ಮಾತೇ ಇಲ್ಲ. ಯಾರು ಮೇಲು ಎಂಬುದನ್ನು ದಶಕಗಳ ಕಾಲ ಪತ್ರಕರ್ತರು ಮತ ಹಾಕಿ ಹೇಳುತ್ತಿದ್ದರು. 1936ರಿಂದ ಅಸೋಸಿಯೇಟೆಡ್ ಪ್ರೆಸ್ ಆ ಪಟ್ಟಿ ಕೊಡುತ್ತಿದೆ. ಆಮೇಲೆ ತರಬೇತುದಾರರ ಮತ ಸೇರಿತು. 1998ರಿಂದ ಕಂಪ್ಯೂಟರ್ ಲೆಕ್ಕವೂ ಸೇರಿತು. 2003ರಲ್ಲಿ ಒಂದು ಪಟ್ಟಿ ಲೂಯಿಸಿಯಾನಾದ ಎಲ್‌ಎಸ್‌ಯು ಚಾಂಪಿಯನ್ ಎಂದರೆ ಇನ್ನೊಂದು ಕ್ಯಾಲಿಫೋರ್ನಿಯಾದ ಯುಎಸ್‌ಸಿ ಎಂದಿತು, ಒಂದು ವರ್ಷಕ್ಕೆ ಇಬ್ಬರು ಚಾಂಪಿಯನ್ನರು. ಈ ಗೊಂದಲಕ್ಕೆಲ್ಲ ಪರಿಹಾರ ಎಂದು 2014ರಲ್ಲಿ ಬಂದದ್ದು ನಾಲ್ಕು ತಂಡಗಳ ಪ್ಲೇಆಫ್.

ನಾಲ್ವರನ್ನು ಆರಿಸುವವರು 13 ಮಂದಿ. ಕಾಲೇಜುಗಳ ಕ್ರೀಡಾ ನಿರ್ದೇಶಕರು, ನಿವೃತ್ತ ತರಬೇತುದಾರರು, ಹಳೆಯ ಆಟಗಾರರು. ಡಲ್ಲಾಸ್ ಹತ್ತಿರದ ಗ್ರೇಪ್‌ವೈನ್ ಎಂಬಲ್ಲಿನ ಹೋಟೆಲಿನಲ್ಲಿ ಸೇರಿ, ಬಾಗಿಲು ಹಾಕಿಕೊಂಡು ಚರ್ಚಿಸಿ ಪಟ್ಟಿ ಮಾಡುತ್ತಾರೆ. ತನ್ನ ಕಾಲೇಜಿನ ವಿಚಾರ ಬಂದಾಗ ಆ ಸದಸ್ಯ ಎದ್ದು ಹೊರಗೆ ಹೋಗಬೇಕು ಎಂಬ ನಿಯಮವಿದೆ, ಅದು ಒಳ್ಳೆಯದೇ. ಆದರೆ ಆಗ ದೊಡ್ಡ ಕಾನ್ಫರೆನ್ಸುಗಳು ಐದು, ಪ್ಲೇಆಫ್ ಜಾಗ ನಾಲ್ಕು. ಐವರು ಚಾಂಪಿಯನ್ನರಲ್ಲಿ ಒಬ್ಬರಾದರೂ ಹೊರಗುಳಿಯಲೇಬೇಕಾದ ಏರ್ಪಾಡು ಅದು. ಜಗಳ ಹುಟ್ಟಿದ್ದು ಆಟದ ಮೈದಾನದಲ್ಲಲ್ಲ, ಆ ಲೆಕ್ಕದಲ್ಲಿ.

2023ರಲ್ಲಿ ನಮ್ಮ ತಂಡ ಮೊದಲ ಪಂದ್ಯದಲ್ಲೇ ಎಲ್‌ಎಸ್‌ಯುವನ್ನು 45-24ರಿಂದ ಸೋಲಿಸಿತ್ತು. ವಾರವಾರ ಗೆಲ್ಲುತ್ತಾ ಬಂತು. ಕ್ವಾರ್ಟರ್‌ಬ್ಯಾಕ್ ಜೋರ್ಡನ್ ಟ್ರಾವಿಸ್ ಎಂದರೆ ಊರಿಗೆ ಊರೇ ಜೀವ ಬಿಡುತ್ತಿತ್ತು. ಈ ಆಟದಲ್ಲಿ ಕ್ವಾರ್ಟರ್‌ಬ್ಯಾಕ್ ಎಂದರೆ ಪ್ರತಿ ಚೆಂಡೂ ಮೊದಲು ಮುಟ್ಟುವವನು, ಎಸೆಯಬೇಕೋ ಓಡಬೇಕೋ ತೀರ್ಮಾನಿಸುವವನು. ನವೆಂಬರ್ 18ರಂದು ನಾರ್ತ್ ಅಲಬಾಮಾ ಎಂಬ ಸಣ್ಣ ತಂಡದೊಡನೆ ಪಂದ್ಯ. ನಾನು ಸ್ಟೇಡಿಯಂನಲ್ಲಿದ್ದೆ. ಮೊದಲ ಕಾಲುಭಾಗದಲ್ಲಿ ಟ್ರಾವಿಸ್ ಚೆಂಡು ಹಿಡಿದು ತಾನೇ ಓಡಿದ, ಎದುರಾಳಿ ಹಿಡಿದು ಕೆಡವಿದ, ಬಿದ್ದವನು ಏಳಲಿಲ್ಲ. ನನ್ನ ಮುಂದಿನ ಸಾಲಿನಲ್ಲಿದ್ದ ಹಿರಿಯರೊಬ್ಬರು ಟೋಪಿ ತೆಗೆದು ಎದೆಗೆ ಒತ್ತಿಕೊಂಡರು. ಪಕ್ಕದ ಹುಡುಗಿ ಬಾಯಿಗೆ ಕೈ ಅಡ್ಡ ಹಿಡಿದು ನಿಂತೇ ಇದ್ದಳು. ಅವನನ್ನು ಗಾಡಿಯಲ್ಲಿ ಕೂರಿಸಿ ಹೊರಗೆ ಕರೆದೊಯ್ದಾಗ ಇಡೀ ಸ್ಟೇಡಿಯಂ ಎದ್ದು ನಿಂತಿತ್ತು. ಸಣ್ಣ ತಂಡ 13-0 ಮುಂದಿತ್ತು. ಆಮೇಲೆ ನಮ್ಮವರು ಎದ್ದರು ನೋಡಿ, ಪಂದ್ಯ ಮುಗಿದಾಗ 58-13.

ಮುಂದಿನ ವಾರ ಎರಡನೆಯ ಕ್ವಾರ್ಟರ್‌ಬ್ಯಾಕ್ ಆಡಿ, ನಮ್ಮ ಬದ್ಧವೈರಿ ಫ್ಲೋರಿಡಾ ವಿಶ್ವವಿದ್ಯಾಲಯವನ್ನು ಅವರ ನೆಲದಲ್ಲೇ 24-15ರಿಂದ ಸೋಲಿಸಿದ. ಅವನಿಗೂ ಪೆಟ್ಟಾಯಿತು. ಡಿಸೆಂಬರ್ 2ರಂದು ಷಾರ್ಲಟ್‌ನಲ್ಲಿ ಕಾನ್ಫರೆನ್ಸ್ ಫೈನಲ್‌ಗೆ ಇಳಿದದ್ದು ಮೂರನೆಯವನು, ಮೊದಲ ವರ್ಷದ ವಿದ್ಯಾರ್ಥಿ ಬ್ರಾಕ್ ಗ್ಲೆನ್. ಅವನ ಎಸೆತಗಳಿಂದ ಬಂದದ್ದು ಒಟ್ಟು 55 ಗಜ ಮಾತ್ರ, ನಿಜ. ಆದರೆ ನಮ್ಮ ರಕ್ಷಣಾಪಡೆ ಲೂಯಿವಿಲ್ ತಂಡಕ್ಕೆ ಒಂದೇ ಒಂದು ಟಚ್‌ಡೌನ್, ಅಂದರೆ ಚೆಂಡನ್ನು ಕೊನೆಯ ಗೆರೆ ದಾಟಿಸುವ ಅವಕಾಶ, ಬಿಟ್ಟುಕೊಡಲಿಲ್ಲ. 16-6. ಒಬ್ಬ ಹುಡುಗನ ಕಾಲು ಮುರಿದರೂ ಉಳಿದವರು ಹೆಗಲು ಕೊಟ್ಟು ಗೆದ್ದ ಪಂದ್ಯ ಅದು. ತಂಡ ಎನ್ನುವುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಏನು ಬೇಕು?

ಮರುದಿನ ಭಾನುವಾರ ಮಧ್ಯಾಹ್ನ ಪಟ್ಟಿ ಬಂತು. ಮಿಷಿಗನ್, ವಾಷಿಂಗ್ಟನ್, ಟೆಕ್ಸಸ್, ಅಲಬಾಮಾ. ಫ್ಲೋರಿಡಾ ಸ್ಟೇಟ್ ಐದನೆಯದು. ಐದು ದೊಡ್ಡ ಕಾನ್ಫರೆನ್ಸುಗಳ ಪೈಕಿ ಒಂದನ್ನು ಸೋಲೇ ಇಲ್ಲದೆ ಗೆದ್ದ ತಂಡವನ್ನು ಪ್ಲೇಆಫ್‌ನಿಂದ ಹೊರಗಿಟ್ಟದ್ದು ಅದೇ ಮೊದಲು. ಟ್ರಾವಿಸ್ ಇಲ್ಲದ ತಂಡ ಮೊದಲಿನ ತಂಡವಲ್ಲ ಎಂದು ಸಮಿತಿ ಕಾರಣ ಕೊಟ್ಟಿತು. ಟ್ರಾವಿಸ್ ಅಂದೇ ಬರೆದುಕೊಂಡ: ತನ್ನ ಕಾಲು ಇನ್ನೂ ಮೊದಲೇ ಮುರಿದಿದ್ದರೆ ಈ ತಂಡ ತನ್ನೊಬ್ಬನದಲ್ಲ ಎಂದು ಎಲ್ಲರಿಗೂ ಕಾಣುತ್ತಿತ್ತು ಎಂಬ ಅರ್ಥದ ಮಾತು. ಇಪ್ಪತ್ತರ ಆಸುಪಾಸಿನ ಹುಡುಗನಿಗೆ ತನ್ನ ಗಾಯವೇ ಗೆಳೆಯರಿಗೆ ಮಾಡಿದ ಅಪರಾಧ ಎನ್ನಿಸುವಂತೆ ಮಾಡಿದ ತೀರ್ಮಾನವನ್ನು ನಾನು ನ್ಯಾಯ ಎನ್ನಲಾರೆ.

ನನ್ನ ಕಚೇರಿಯಲ್ಲಿ ಅಲಬಾಮಾದಿಂದ ಬಂದ ಸಹೋದ್ಯೋಗಿಯೊಬ್ಬರಿದ್ದಾರೆ. ಅವರ ವಾದವನ್ನು ತಳ್ಳಿಹಾಕುವಂತಿಲ್ಲ. ಸತತ 29 ಪಂದ್ಯ ಗೆದ್ದಿದ್ದ ಜಾರ್ಜಿಯಾವನ್ನು ಅಲಬಾಮಾ ಹಿಂದಿನ ದಿನವಷ್ಟೇ 27-24ರಿಂದ ಸೋಲಿಸಿತ್ತು. ಅವರ ಕಾನ್ಫರೆನ್ಸಿನಲ್ಲಿ ಪ್ರತಿ ವಾರವೂ ಕಠಿಣ ಪಂದ್ಯ. ಸೋತದ್ದು ಒಂದೇ, ಅದೂ ಪ್ಲೇಆಫ್‌ಗೆ ಬಂದ ಟೆಕ್ಸಸ್ ವಿರುದ್ಧ. ಮೇಲಾಗಿ, ಮುಖ್ಯ ಆಟಗಾರ ಇಲ್ಲದಿದ್ದರೆ ಅದನ್ನೂ ಗಣಿಸಬಹುದು ಎಂದು ಸಮಿತಿಯ ನಿಯಮಾವಳಿಯಲ್ಲೇ ಬರೆದಿದೆ. "ನಾಳೆ ಈ ಎರಡು ತಂಡಗಳು ಆಡಿದರೆ ಯಾರು ಗೆಲ್ಲುತ್ತಾರೆ, ಎದೆ ಮುಟ್ಟಿಕೊಂಡು ಹೇಳಿ" ಎಂದು ಅವರು ಕೇಳಿದರು.

ಅಲಬಾಮಾ ಗೆಲ್ಲಬಹುದಿತ್ತು. ಆದರೆ ಅದನ್ನು ತಿಳಿಯಲೆಂದೇ ಅಲ್ಲವೇ ಪಂದ್ಯ ಆಡಿಸುವುದು? ಊಹೆಯೇ ಸಾಕಾದರೆ ಸೆಪ್ಟೆಂಬರ್‌ನಲ್ಲೇ ಪಟ್ಟಿ ಕೊಟ್ಟುಬಿಡಬಹುದು. ಊಹೆ ಎಷ್ಟು ದುರ್ಬಲ ಎಂಬುದಕ್ಕೆ ಇದೇ ಪ್ಲೇಆಫ್‌ನ ಮೊದಲ ವರ್ಷ ಸಾಕ್ಷಿ. 2014ರಲ್ಲಿ ಒಹಾಯೊ ಸ್ಟೇಟ್‌ನ ಇಬ್ಬರು ಕ್ವಾರ್ಟರ್‌ಬ್ಯಾಕ್‌ಗಳು ಗಾಯಗೊಂಡು, ಕಾನ್ಫರೆನ್ಸ್ ಫೈನಲ್‌ಗೆ ಮೂರನೆಯವನಾದ ಕಾರ್ಡೇಲ್ ಜೋನ್ಸ್ ಇಳಿದ. ವಿಸ್ಕಾನ್ಸಿನ್ ವಿರುದ್ಧ 59-0. ಸಮಿತಿ ಆ ತಂಡವನ್ನು ನಾಲ್ಕನೆಯದಾಗಿ ಒಳಗೆ ಸೇರಿಸಿಕೊಂಡಿತು, ಆ ತಂಡ ಸೆಮಿಫೈನಲ್‌ನಲ್ಲಿ ಅಲಬಾಮಾವನ್ನೇ ಸೋಲಿಸಿ, ಆರೆಗನ್ ವಿರುದ್ಧ 42-20ರಿಂದ ಗೆದ್ದು ಚಾಂಪಿಯನ್ ಆಯಿತು. ಮೂರನೆಯ ಕ್ವಾರ್ಟರ್‌ಬ್ಯಾಕ್ ಭರ್ಜರಿಯಾಗಿ ಗೆದ್ದರೆ ಒಳಗೆ, ಕಷ್ಟಪಟ್ಟು ಗೆದ್ದರೆ ಹೊರಗೆ ಎಂಬ ನಿಯಮ ಎಲ್ಲೂ ಬರೆದಿಲ್ಲ. ಅದೇ ವರ್ಷ ಟಿಸಿಯು ತಂಡ ಕೊನೆಯ ಪಂದ್ಯವನ್ನು 55-3ರಿಂದ ಗೆದ್ದೂ ಮೂರನೆಯ ಸ್ಥಾನದಿಂದ ಆರಕ್ಕೆ ಜಾರಿತ್ತು. ಭರ್ಜರಿ ಗೆಲುವೂ ಎಲ್ಲರನ್ನೂ ಕಾಯುವುದಿಲ್ಲ.

ಡಿಸೆಂಬರ್ 30ರಂದು ಆರೆಂಜ್ ಬೌಲ್ ಎಂಬ, ಪ್ಲೇಆಫ್‌ಗೆ ಸೇರದ ಪಂದ್ಯದಲ್ಲಿ ಜಾರ್ಜಿಯಾ ನಮ್ಮವರನ್ನು 63-3ರಿಂದ ಸೋಲಿಸಿತು. ಸಮಿತಿ ಮಾಡಿದ್ದೇ ಸರಿ ಎನ್ನುವವರೆಲ್ಲ ಈ ಅಂಕವನ್ನು ಮುಂದಿಡುತ್ತಾರೆ. ಆ ಪಂದ್ಯಕ್ಕೆ ನಮ್ಮ ಇಪ್ಪತ್ತಕ್ಕೂ ಹೆಚ್ಚು ಆಟಗಾರರು ಇಳಿಯಲೇ ಇಲ್ಲ. ಪಟ್ಟವೇ ಇಲ್ಲದ ಪಂದ್ಯಕ್ಕೆ ಮೈಯೊಡ್ಡಿ, ವೃತ್ತಿಪರ ಲೀಗಿನ ಭವಿಷ್ಯವನ್ನು ಪಣಕ್ಕಿಡಲು ಅವರು ಒಪ್ಪಲಿಲ್ಲ. ಅವಕಾಶ ಕಿತ್ತುಕೊಂಡ ಮೇಲೆ ಬಂದ ಸೋಲನ್ನು, ಅವಕಾಶ ಕಿತ್ತುಕೊಂಡದ್ದಕ್ಕೆ ಸಮರ್ಥನೆಯಾಗಿ ಬಳಸುವುದು ತಲೆಕೆಳಗಾದ ತರ್ಕ.

ತಮ್ಮನಿಗೆ ಅರ್ಥ ಮಾಡಿಸಲು ನಾನು 2019ರ ವಿಶ್ವಕಪ್ ಫೈನಲ್ ನೆನಪಿಸಿದೆ. ಸೂಪರ್ ಓವರ್ ಕೂಡ ಸಮವಾದಾಗ ಬೌಂಡರಿಗಳ ಎಣಿಕೆಯ ಮೇಲೆ, 26ಕ್ಕೆ 17ರಂತೆ, ಇಂಗ್ಲೆಂಡ್ ಗೆದ್ದಿತು. ನ್ಯೂಜಿಲೆಂಡ್‌ಗಾಗಿ ನಮ್ಮ ಮನೆಯವರೆಲ್ಲ ಮರುಗಿದ್ದೆವು. ಕೆಟ್ಟ ನಿಯಮ, ಕೆಲವೇ ತಿಂಗಳಲ್ಲಿ ಐಸಿಸಿ ಅದನ್ನು ಕೈಬಿಟ್ಟಿತು. ಆದರೂ ಅದು ಟೂರ್ನಿಗೆ ಮೊದಲೇ ಇದ್ದ ನಿಯಮ, ಎರಡೂ ತಂಡಗಳಿಗೆ ಒಂದೇ. ಪಂದ್ಯ ಮುಗಿದ ಮೇಲೆ ಹದಿಮೂರು ಜನ ಕೂತು, ಕೇನ್ ವಿಲಿಯಮ್ಸನ್ ಬೆರಳಿಗೆ ಗಾಯವಾಗಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲಿಲ್ಲ. ಕಠಿಣ ನಿಯಮವನ್ನು ಸಹಿಸಿಕೊಳ್ಳಬಹುದು. ಏನು ಮಾಡಿದ್ದರೆ ಸಾಕಾಗುತ್ತಿತ್ತು ಎಂದು ಕೇಳಿದರೆ ಉತ್ತರವೇ ಇಲ್ಲದ ಸ್ಥಿತಿಯನ್ನು ಸಹಿಸುವುದು ಕಷ್ಟ. ಹದಿಮೂರು ಗೆಲುವಿನ ಮೇಲೆ ಹದಿನಾಲ್ಕನೆಯದನ್ನು ಆ ಹುಡುಗರು ಎಲ್ಲಿಂದ ತರಬೇಕಿತ್ತು?

ಇನ್ನೊಂದು ಸಂಗತಿಯನ್ನು ಹೇಳಲೇಬೇಕು, ಏಕೆಂದರೆ ಸಿಟ್ಟಿನ ಗದ್ದಲದಲ್ಲಿ ಅದು ಮುಚ್ಚಿಹೋಯಿತು. ಆ ಭಾನುವಾರದ ಮರುದಿನವೇ, ಡಿಸೆಂಬರ್ 4ರಂದು, ಇದೇ ವಿಶ್ವವಿದ್ಯಾಲಯದ ಮಹಿಳೆಯರ ಸಾಕರ್ ತಂಡ ಸ್ಟ್ಯಾನ್‌ಫರ್ಡ್ ವಿರುದ್ಧ 5-1ರಿಂದ ಗೆದ್ದು ರಾಷ್ಟ್ರೀಯ ಚಾಂಪಿಯನ್ ಆಯಿತು. ಆ ವರ್ಷ ಅವರು 22 ಗೆದ್ದು, ಒಂದು ಸಮ ಮಾಡಿಕೊಂಡಿದ್ದರು, ಒಂದೂ ಸೋತಿರಲಿಲ್ಲ. ಅಲ್ಲಿಯೂ ಸಮಿತಿಯಿದೆ, ಆದರೆ ಅದು ಆರಿಸುವುದು 64 ತಂಡಗಳನ್ನು. ಕಾನ್ಫರೆನ್ಸ್ ಗೆದ್ದವರಿಗೆ ಜಾಗ ಖಚಿತ. ಮುಂದಿನದೆಲ್ಲ ಮೈದಾನದಲ್ಲಿ. ಒಂದೇ ಕ್ಯಾಂಪಸ್ಸಿನ ಸೋಲರಿಯದ ಎರಡು ತಂಡಗಳಲ್ಲಿ ಒಂದಕ್ಕೆ ಕಪ್ ಸಿಕ್ಕಿತು, ಇನ್ನೊಂದಕ್ಕೆ ವಿವರಣೆ ಸಿಕ್ಕಿತು.

ಆಮೇಲಿನ ದಿನಗಳಲ್ಲಿ ರಾಜ್ಯಪಾಲ ರಾನ್ ಡಿಸ್ಯಾಂಟಿಸ್ ಕಾನೂನು ಹೋರಾಟಕ್ಕೆ 10 ಲಕ್ಷ ಡಾಲರ್ ತೆಗೆದಿಡಲು ಪ್ರಸ್ತಾಪಿಸಿದರು. ಡಿಸೆಂಬರ್ 22ರಂದು ವಿಶ್ವವಿದ್ಯಾಲಯ ತನ್ನದೇ ಕಾನ್ಫರೆನ್ಸಿನ ವಿರುದ್ಧ ಇಲ್ಲಿನ ನ್ಯಾಯಾಲಯದಲ್ಲಿ ದಾವೆ ಹೂಡಿತು. ಟಿ.ವಿ. ಹಕ್ಕಿನ ಹಣ, ಕಾನ್ಫರೆನ್ಸ್ ಬಿಡಲು ತೆರಬೇಕಾದ ದಂಡ ಎಂದು ಅದು ಬೇರೆಯೇ ದಾರಿ ಹಿಡಿದು 2025ರ ಮಾರ್ಚ್‌ನಲ್ಲಿ ರಾಜಿಯಾಯಿತು. ಆ ಹುಡುಗರಿಗೆ ಅದರಿಂದ ಏನೂ ಮರಳಿ ಬರಲಿಲ್ಲ.

2024ರಿಂದ ಪ್ಲೇಆಫ್ 12 ತಂಡಗಳದ್ದು. ಐದು ಕಾನ್ಫರೆನ್ಸ್ ಚಾಂಪಿಯನ್ನರಿಗೆ ಜಾಗ ಖಚಿತವಾಗಿದೆ, ಇದನ್ನು ನಾನು ಮನಸಾರೆ ಸ್ವಾಗತಿಸುತ್ತೇನೆ. ಈ ನಿಯಮ ಒಂದು ವರ್ಷ ಮೊದಲು ಬಂದಿದ್ದರೆ ನಮ್ಮವರು ಆಡುತ್ತಿದ್ದರು. ಆದರೆ ಉಳಿದ ಏಳು ಜಾಗಗಳಿಗೆ ಅದೇ ಮುಚ್ಚಿದ ಕೋಣೆ. 2025ರ ಕೊನೆಯ ವಾರ ನೋಡಿ. ಅಲಬಾಮಾ ತನ್ನ ಕಾನ್ಫರೆನ್ಸ್ ಫೈನಲ್‌ನಲ್ಲಿ ಜಾರ್ಜಿಯಾಕ್ಕೆ 28-7ರಿಂದ ಸೋತಿತು, ಒಂಬತ್ತನೆಯ ಸ್ಥಾನದಿಂದ ಕದಲಲಿಲ್ಲ. ಅದೇ ದಿನ ಯೂಟಾದ ಬಿವೈಯು ತಂಡ ತನ್ನ ಫೈನಲ್‌ನಲ್ಲಿ ಟೆಕ್ಸಸ್ ಟೆಕ್‌ಗೆ 34-7ರಿಂದ ಸೋತಿತು, ಒಂದು ಸ್ಥಾನ ಕೆಳಗಿಳಿಯಿತು. ನೋಟರ್ ಡೇಮ್ ಮತ್ತು ಮಯಾಮಿ ಆ ವಾರ ಆಡಲೇ ಇಲ್ಲ, ಆದರೂ ಅವೆರಡರ ಹಿಂದುಮುಂದಿನ ಕ್ರಮ ಅದಲುಬದಲಾಗಿ ಮಯಾಮಿ ಒಳಗೆ, ನೋಟರ್ ಡೇಮ್ ಹೊರಗೆ. ಆಗಸ್ಟ್ ಕೊನೆಯಲ್ಲಿ ಮಯಾಮಿ ಅವರನ್ನು 27-24ರಿಂದ ಸೋಲಿಸಿತ್ತು, ಹಾಗಾಗಿ ಕೊನೆಯ ತೀರ್ಮಾನ ನನಗೆ ಒಪ್ಪಿಗೆಯೇ. ಆ ಫಲಿತಾಂಶ ನವೆಂಬರ್ ತಿಂಗಳಿಡೀ ಸಮಿತಿಯ ಮುಂದೆಯೇ ಇತ್ತಲ್ಲ, ವಾರವಾರ ಟಿ.ವಿ.ಯಲ್ಲಿ ನೋಟರ್ ಡೇಮ್ ಮೇಲೆ ಎಂದು ಏಕೆ ತೋರಿಸಿದರು? ಅಲಬಾಮಾ ಆ ವರ್ಷದ ಮೊದಲ ಪಂದ್ಯದಲ್ಲಿ ನಮ್ಮ ಟ್ಯಾಲಹ್ಯಾಸಿಗೆ ಬಂದು 31-17ರಿಂದ ಸೋತು ಹೋಗಿತ್ತು. ನಮ್ಮವರು ಆ ವರ್ಷ ಗೆದ್ದದ್ದು ಐದೇ ಪಂದ್ಯ. ಸಹೋದ್ಯೋಗಿಯ ಎದುರು ಅದನ್ನೂ ಎತ್ತಿದೆ, ಆ ವಾದದಲ್ಲಿ ಅವರು ಸ್ವಲ್ಪ ಹೊತ್ತು ಸುಮ್ಮನಾದರು.

ಅಸೋಸಿಯೇಟೆಡ್ ಪ್ರೆಸ್ ಪಟ್ಟಿಗೆ ಮತ ಹಾಕುವ ಪತ್ರಕರ್ತರಲ್ಲಿ ಯಾರು ಯಾರಿಗೆ ಎಷ್ಟನೆಯ ಸ್ಥಾನ ಕೊಟ್ಟರು ಎಂಬುದು ಪ್ರತಿ ವಾರ ಹೆಸರು ಸಮೇತ ಹೊರಬರುತ್ತದೆ. ಬೈದುಕೊಳ್ಳುವವರು ಬೈದುಕೊಳ್ಳುತ್ತಾರೆ, ಅವರು ಉತ್ತರವನ್ನೂ ಕೊಡುತ್ತಾರೆ. ಅವರ ಪಟ್ಟಿ ಇವತ್ತು ಯಾವ ತಂಡವನ್ನೂ ಪ್ಲೇಆಫ್‌ಗೆ ಕಳಿಸುವುದಿಲ್ಲ. ಕಳಿಸುವ ಹದಿಮೂರು ಜನರ ಮತ ಮಾತ್ರ ಗುಟ್ಟು. ಪ್ಲೇಆಫ್ ಅನ್ನು ಇನ್ನಷ್ಟು ದೊಡ್ಡದು ಮಾಡುವ ಮಾತು ನಡೆಯುತ್ತಲೇ ಇದೆ, ದೊಡ್ಡದಾದರೂ ಕೊನೆಯ ಜಾಗಕ್ಕೆ ಇದೇ ಜಗಳ ಇರುತ್ತದೆ. ಅದಕ್ಕಿಂತ ಮೊದಲು ಆ ಹದಿಮೂರು ಮತಪತ್ರಗಳನ್ನು ಹೆಸರು ಸಮೇತ ಪ್ರಕಟಿಸಲಿ. 2023ರ ಆ ಭಾನುವಾರದಿಂದಲೇ ಶುರುಮಾಡಲಿ.