‘ನಡತೆ ಸರಿ ಇರಲಿಲ್ಲ’ ಎಂಬ ಒಂದು ಸಾಲು

ಧಾರವಾಡದಲ್ಲಿ ವಕೀಲರೊಬ್ಬರ ಕಚೇರಿಯಲ್ಲಿ ಅನುವಾದ ಮಾಡುವುದು ನನ್ನ ಕೆಲಸ. ಹದಿನಾಲ್ಕು ವರ್ಷವಾಯಿತು. ಕೆಳಗಿನ ಕೋರ್ಟುಗಳಲ್ಲಿ ಸಾಕ್ಷಿಗಳ ಹೇಳಿಕೆ ಕನ್ನಡದಲ್ಲಿ ದಾಖಲಾಗುತ್ತದೆ. ಅದೇ ಪ್ರಕರಣ ಹೈಕೋರ್ಟಿನ ಮೆಟ್ಟಿಲೇರಿದರೆ ಅಲ್ಲಿನ ಕಲಾಪದ ಭಾಷೆ ಇಂಗ್ಲಿಷ್. ಸಂವಿಧಾನದ 348ನೇ ವಿಧಿ ಹಾಗೆ ಹೇಳುತ್ತದೆ. ಹೈಕೋರ್ಟಿನ ಸಂಚಾರಿ ಪೀಠ 2008ರಲ್ಲಿ ನಮ್ಮೂರಿಗೆ ಬಂತು, 2013ರಲ್ಲಿ ಕಾಯಂ ಆಯಿತು. ಅಂದಿನಿಂದ ನನ್ನಂಥವರಿಗೆ ಕೈತುಂಬ ಕೆಲಸ. ಮೋಸ, ದ್ರೋಹ, ಲಂಚ, ಕಳವು, ಹಾದರ: ದಿನವಿಡೀ ನನ್ನ ಕಣ್ಣ ಮುಂದೆ ಹಾಯುವುದು ಇವೇ ಪದಗಳು. ಈ ಪದಗಳ ಇಂಗ್ಲಿಷನ್ನು ನಾನು ಹೇಗೆ ಕಲಿತೆ ಎಂಬುದನ್ನು ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಕಲಿತದ್ದು ಒಂದು ತಪ್ಪಿನಿಂದ.

ಸೇರಿ ನಾಲ್ಕು ತಿಂಗಳಾಗಿತ್ತು. ಜೀವನಾಂಶದ ಒಂದು ಪ್ರಕರಣ. ಹೆಂಡತಿಗೆ ತಿಂಗಳಿಗಿಷ್ಟು ಕೊಡು ಅಂತ ಕೆಳಗೆ ಆದೇಶವಾಗಿತ್ತು, ಗಂಡ ಅದರ ಮೇಲೆ ಹೈಕೋರ್ಟಿಗೆ ಹೊರಟಿದ್ದ. ನಾವು ಗಂಡನ ಕಡೆಯವರು. ಅವನ ತಾಯಿ ಕೊಟ್ಟ ಸಾಕ್ಷಿ ನನ್ನ ಮೇಜಿಗೆ ಬಂತು. ‘ಆಕೆಯ ನಡತೆ ಸರಿ ಇರಲಿಲ್ಲ. ಹಿರಿಯರಿಗೆ ಎದುರು ಮಾತನಾಡುತ್ತಿದ್ದಳು. ಹೇಳದೆ ಕೇಳದೆ ತವರಿಗೆ ಹೋಗುತ್ತಿದ್ದಳು.’ ಮೊದಲ ಸಾಲಿಗೆ ನಾನು ‘ಶಿ ವಾಸ್ ಎ ವುಮನ್ ಆಫ್ ಇಮ್ಮಾರಲ್ ಕ್ಯಾರೆಕ್ಟರ್’ ಅಂತ ಬರೆದೆ. ಶೀಲಗೆಟ್ಟ ಹೆಂಗಸು ಅಂತ ಅದರ ಅರ್ಥ. ಎಲ್ಲೋ ಓದಿದ್ದ ಮಾತು, ತೂಕದ ಇಂಗ್ಲಿಷ್ ಅನ್ನಿಸಿತ್ತು. ಕಚೇರಿಯ ಕಿರಿಯ ವಕೀಲರು ನೋಡಿ ‘ಭಾಳ ಚೊಲೋ ಆಗೇತಿ, ಹಂಗ ಇರಲಿ’ ಅಂದರು. ನನಗೂ ಹೆಮ್ಮೆಯಾಯಿತು.

ಸಂಜೆ ಹಿರಿಯ ವಕೀಲರು ಹಾಳೆ ತಿರುವುತ್ತ ಆ ಸಾಲಿನ ಮೇಲೆ ಬೆರಳಿಟ್ಟರು.

‘ಇಮ್ಮಾರಲ್ ಅಂತ ಬರದೀಯಲ್ಲವಾ, ಇದರ ವಿರುದ್ಧ ಪದಾ ಏನು?’

‘ಮಾರಲ್, ಸರ್.’

‘ಈ ಅತ್ತಿ ಹೇಳಿದ್ದರ ವಿರುದ್ಧ ಏನಾಗ್ತದ? ಸೊಸಿ ನಡತಿ ಛಂದ ಇದ್ದಿದ್ರ ಏನು ಮಾಡತಿದ್ಲು?’

ನಾನು ಕನ್ನಡದ ಹಾಳೆ ನೋಡಿದೆ. ‘ಎದುರು ಮಾತಾಡತಿರಲಿಲ್ರಿ. ಹೇಳಿ ತವರಿಗೆ ಹೋಗತಿದ್ಲು.’

‘ಎರಡೂ ಒಂದ ಏನು ಹಂಗಾರ?’

ನನಗೆ ಮಾತು ಹೊರಡಲಿಲ್ಲ. ದಂಡ ಪ್ರಕ್ರಿಯಾ ಸಂಹಿತೆಯ 125ನೇ ಕಲಮಿನ 4ನೇ ಉಪಕಲಮು ತೆಗೆದು ಓದಿಸಿದರು. ಹೆಂಡತಿ ವ್ಯಭಿಚಾರದಲ್ಲಿ ಬಾಳುತ್ತಿದ್ದರೆ ಅವಳಿಗೆ ಜೀವನಾಂಶ ಇಲ್ಲ. ಈಗ ಅದು ನಾಗರಿಕ ಸುರಕ್ಷಾ ಸಂಹಿತೆಯ 144ನೇ ಕಲಮು; ಆ ಮಾತು ಹಾಗೇ ಇದೆ. ಸೊಸೆ ಎದುರು ಮಾತಾಡಿದಳು ಅಂತಷ್ಟೇ ಹೇಳಿದ ಮುದುಕಿಯ ಬಾಯಲ್ಲಿ ನಾನು ಹೇಳದ ಆರೋಪ ತುರುಕಿದ್ದೆ. ಒಬ್ಬ ಹೆಣ್ಣುಮಗಳ ಊಟದ ದುಡ್ಡಿಗೆ ನನ್ನ ಆ ಒಂದು ಪದ ಕುತ್ತು ತರಬಹುದಿತ್ತು. ನಮ್ಮ ಕಕ್ಷಿದಾರನಿಗೆ ಅದರಿಂದ ಲಾಭವೇ ಆಗುತ್ತಿತ್ತು. ಹಾಗಿದ್ದರೂ ಅವರು ಆ ಹಾಳೆ ಹರಿದು ಮತ್ತೆ ಟೈಪ್ ಮಾಡಿಸಿದರು. ಆ ಸಂಜೆಯ ಋಣ ನನ್ನ ಮೇಲಿದೆ.

ಅಂದಿನಿಂದ ಒಂದು ರೂಢಿ. ಕೆಟ್ಟ ನಡೆಗೆ ಇಂಗ್ಲಿಷಿನಲ್ಲಿ ಯಾವ ಪದ ಬಂದರೂ ಅದರ ವಿರುದ್ಧ ಪದವನ್ನು ಪಕ್ಕದಲ್ಲಿ ಬರೆದುಕೊಳ್ಳುತ್ತೇನೆ. ಆಮೇಲೆ ಕನ್ನಡದ ಪದಕ್ಕೂ ವಿರುದ್ಧ ಪದ ಹುಡುಕುತ್ತೇನೆ. ಆ ಎರಡು ವಿರುದ್ಧ ಪದಗಳು ಒಂದಕ್ಕೊಂದು ಹೊಂದದಿದ್ದರೆ ಮೂಲ ಪದಗಳೂ ಹೊಂದಿಲ್ಲ ಎಂದೇ ಅರ್ಥ. ನಮ್ಮಲ್ಲಿ ‘ಕೈ, ಬಾಯಿ, ಕಚ್ಚೆ ಶುದ್ಧ ಇರಬೇಕು’ ಅನ್ನುತ್ತಾರಲ್ಲ, ಅದು ನನಗೆ ದೊಡ್ಡ ಆಸರೆಯಾಯಿತು. ಕೈ ಕೆಟ್ಟರೆ ಕಳವು, ಲಂಚ; ಬಾಯಿ ಕೆಟ್ಟರೆ ಸುಳ್ಳು, ಬೈಗುಳ; ಮೂರನೆಯದು ಎಲ್ಲರಿಗೂ ಗೊತ್ತು. ಸಾಕ್ಷಿ ಯಾವುದರ ಮಾತಾಡುತ್ತಿದ್ದಾನೆ ಅಂತ ಮೊದಲು ತಿಳಿದರೆ ಅರ್ಧ ಕೆಲಸ ಮುಗಿಯಿತು. ‘ಮಾರಲ್ ಟರ್ಪಿಟ್ಯೂಡ್’ ಅಂದಕೂಡಲೇ ಹೆಣ್ಣಿನ ವಿಷಯವೇ ಇರಬೇಕು ಅಂದುಕೊಳ್ಳುವವರಿದ್ದಾರೆ. ಲಂಚ ತಿಂದವನ ಮೇಲೂ, ಕಳವು ಮಾಡಿದವನ ಮೇಲೂ ಅದೇ ಪದ ಬರುತ್ತದೆ. ನಮ್ಮ ಸರಕಾರಿ ಕಾಗದಗಳ ‘ನೈತಿಕ ಅಧಃಪತನ’ ಅದೇ.

ಎಲ್ಲಕ್ಕಿಂತ ಹೆಚ್ಚು ಕಷ್ಟ ಕೊಟ್ಟದ್ದು ‘ಮೋಸ’. ಸಂಘವೊಂದರ ಗುಮಾಸ್ತ ಸದಸ್ಯರು ಕಟ್ಟಿದ ಹಣವನ್ನು ಖಾತೆಗೆ ಹಾಕದೆ ತಾನೇ ಬಳಸಿಕೊಂಡ ಪ್ರಕರಣದಲ್ಲಿ ಸಾಕ್ಷಿಗಳೆಲ್ಲ ‘ನಮಗ ಮೋಸಾ ಮಾಡಿದ’ ಅಂದಿದ್ದರು. ನಾನು ಎಲ್ಲ ಕಡೆ ‘ಚೀಟಿಂಗ್’, ಅಂದರೆ ವಂಚನೆ, ಅಂತ ಹಾಕಿದೆ. ಅಲ್ಲಿದ್ದ ಆರೋಪ ನಂಬಿಕೆ ದ್ರೋಹದ್ದು. ಕಾನೂನಿನಲ್ಲಿ ಇವೆರಡರ ನಡುವೆ ಗೋಡೆಯಿದೆ. ವಂಚಕನ ಮನಸ್ಸು ಮೊದಲ ದಿನವೇ ಖೊಟ್ಟಿ ಇರಬೇಕು. ಸುಳ್ಳು ಹೇಳಿಯೇ ಅವನು ಹಣ ಈಸಿಕೊಳ್ಳುತ್ತಾನೆ. ನಂಬಿಕೆ ದ್ರೋಹದಲ್ಲಿ ಹಣ ನ್ಯಾಯವಾಗಿಯೇ ಕೈಗೆ ಬಂದಿರುತ್ತದೆ, ಕೆಡುವುದು ಆಮೇಲೆ. ಹಳೆಯ ದಂಡ ಸಂಹಿತೆಯಲ್ಲಿ 415 ಮತ್ತು 405, 2024ರ ಜುಲೈ 1ರಿಂದ ಜಾರಿಗೆ ಬಂದ ನ್ಯಾಯ ಸಂಹಿತೆಯಲ್ಲಿ 318 ಮತ್ತು 316. ಅದೇ ವರ್ಷ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್, ಒಂದೇ ಸಂಗತಿಯ ಮೇಲೆ ಎರಡೂ ಅಪರಾಧ ಒಟ್ಟಿಗೆ ನಿಲ್ಲಲಾರವು, ಪೊಲೀಸರಿಗೆ ಈ ವ್ಯತ್ಯಾಸದ ತರಬೇತಿ ಕೊಡಬೇಕು ಅಂತ ಹೇಳಿತು. ಆ ತೀರ್ಪು ಓದುವಾಗ ನನ್ನ ಗುಮಾಸ್ತನ ಪ್ರಕರಣವೇ ಕಣ್ಣೆದುರು ಬಂತು. ಈಗ ಸಾಕ್ಷಿ ‘ಮೋಸ’ ಅಂದರೆ ಆ ಪದವನ್ನೇ ಇಂಗ್ಲಿಷ್ ಅಕ್ಷರದಲ್ಲಿ ಇಟ್ಟು, ಕನ್ನಡದಲ್ಲಿ ಅದಕ್ಕೆ ಎಷ್ಟು ಹರವು ಇದೆ ಅಂತ ಅಡಿಯಲ್ಲಿ ಎರಡು ಸಾಲು ಬರೆಯುತ್ತೇನೆ. ಕಲಮಿನ ಹೆಸರಾಗಿರುವ ಪದವನ್ನು ಹಳ್ಳಿಯ ರೈತನ ಬಾಯಲ್ಲಿ ಇಡುವ ಅಧಿಕಾರ ನನಗಿಲ್ಲ.

‘ಡಿಸ್‌ಆನೆಸ್ಟ್‌ಲಿ’ (ಅಪ್ರಾಮಾಣಿಕವಾಗಿ) ಅನ್ನುವುದಕ್ಕೆ ಸಂಹಿತೆಯಲ್ಲಿ ವ್ಯಾಖ್ಯೆ ಇದೆ: ಒಬ್ಬರಿಗೆ ಅಕ್ರಮ ಲಾಭ, ಇಲ್ಲವೆ ಇನ್ನೊಬ್ಬರಿಗೆ ಅಕ್ರಮ ನಷ್ಟ ಮಾಡುವ ಉದ್ದೇಶ ಇರಬೇಕು. ಬರೀ ಸುಳ್ಳು ಹೇಳಿದರೆ ಸಾಲದು, ಆಸ್ತಿಪಾಸ್ತಿಯ ಮಾತು ಬರಬೇಕು. ‘ಆನೆಸ್ಟ್‌ಲಿ’ ಅಂದರೇನು ಅಂತ ಮಾತ್ರ ಅಲ್ಲಿ ಬಿಡಿಸಿ ಹೇಳಿಲ್ಲ. ಅದರ ಹತ್ತಿರಕ್ಕೆ ಬರುವುದು ‘ಗುಡ್ ಫೇತ್’, ಸದ್ಭಾವನೆ. ಇದಕ್ಕೆ ಎರಡು ಕಾನೂನುಗಳಲ್ಲಿ ಎರಡು ಅರ್ಥ! 1897ರ ಜನರಲ್ ಕ್ಲಾಸಸ್ ಕಾಯ್ದೆಯ ಪ್ರಕಾರ ಪ್ರಾಮಾಣಿಕವಾಗಿ ಮಾಡಿದರೆ ಸಾಕು, ಅಲಕ್ಷ್ಯ ಮಾಡಿದ್ದರೂ ಅದು ಸದ್ಭಾವನೆಯೇ. ಹಳೆಯ ದಂಡ ಸಂಹಿತೆ ಹಾಗೆ ಒಪ್ಪುತ್ತಿರಲಿಲ್ಲ, ಈಗಿನ ನ್ಯಾಯ ಸಂಹಿತೆಯೂ ಒಪ್ಪುವುದಿಲ್ಲ: ತಕ್ಕ ಎಚ್ಚರ, ಗಮನ ಇಲ್ಲದೆ ಮಾಡಿದ್ದು ಸದ್ಭಾವನೆ ಆಗಲಾರದು. ನನ್ನ ಆ ಇಮ್ಮಾರಲ್ ಸಾಲನ್ನು ಇದರ ಮುಂದಿಟ್ಟು ನೋಡಿದ್ದೇನೆ. ಮೊದಲನೆಯ ಅರ್ಥದಲ್ಲಿ ನಾನು ಪಾರಾಗುತ್ತೇನೆ, ಎರಡನೆಯದರಲ್ಲಿ ಇಲ್ಲ. ಅನುವಾದಕರಿಗೆ ಎರಡನೆಯದೇ ಸರಿ ಅಂತ ನನ್ನ ನಂಬಿಕೆ.

‘ಡಿಸ್’ ಅಂತ ಮುಂದೆ ಬಂದರೆ ಕೆಟ್ಟ ಅರ್ಥ ಅಂತ ಕಿರಿಯರು ಅಂದುಕೊಳ್ಳುತ್ತಾರೆ. ಹೊಸದಾಗಿ ಸೇರಿದ ಹುಡುಗಿ ‘ಡಿಸ್‌ಇಂಟರೆಸ್ಟೆಡ್ ವಿಟ್ನೆಸ್’ ಅನ್ನುವುದನ್ನು ‘ಆಸಕ್ತಿ ಇಲ್ಲದ ಸಾಕ್ಷಿ’ ಮಾಡಿದ್ದಳು. ಪ್ರಕರಣದಿಂದ ತನಗೇನೂ ಲಾಭವಿಲ್ಲದ ಸಾಕ್ಷಿ ಅವನು, ಕೋರ್ಟು ಹೆಚ್ಚು ನಂಬುವಂಥವನು. ‘ಇಂಟರೆಸ್ಟೆಡ್’ ಅಂದರೇ ಇಲ್ಲಿ ಅನುಮಾನ.

2023ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಹೆಣ್ಣಿನ ಬಗ್ಗೆ ಬಳಸುವ ಪದಗಳ ಕುರಿತು ಒಂದು ಕೈಪಿಡಿ ಹೊರತಂದಿತು. ಆವತ್ತು ಕಚೇರಿಯಲ್ಲಿ ಅದನ್ನು ಗಟ್ಟಿಯಾಗಿ ಓದಿದವಳು ನಾನೇ. ‘ಫಾಲನ್ ವುಮನ್’ ಅನ್ನಬೇಡಿ, ‘ವುಮನ್’ ಅನ್ನಿ ಅಂತ ಇತ್ತು, ಅದು ನಿರೀಕ್ಷಿಸಿದ್ದೇ. ‘ಚೇಸ್ಟ್ ವುಮನ್’ (ಶೀಲವಂತೆ) ಅಂತಲೂ ಅನ್ನಬೇಡಿ, ಅಲ್ಲೂ ‘ವುಮನ್’ ಸಾಕು ಅಂತ ಇತ್ತು. ‘ಫೇತ್‌ಫುಲ್ ವೈಫ್’ ಬೇಡ, ‘ವೈಫ್’ ಸಾಕು. ಇಷ್ಟು ವರ್ಷ ಜೋಡಿ ಪದ ಬರೆದುಕೊಂಡು ಬಂದವಳಿಗೆ ಒಂದು ಜೋಡಿಯ ಎರಡೂ ಪದ ಒಟ್ಟಿಗೆ ಬಿದ್ದುಹೋಗಬಹುದು ಅನ್ನುವುದು ಹೊಳೆದಿರಲಿಲ್ಲ. ಒಳ್ಳೆಯ ಹೆಂಡತಿ ಅಂತ ಒಬ್ಬಳನ್ನು ಹೊಗಳುವಾಗಲೇ ಇನ್ನೊಬ್ಬಳನ್ನು ಅಳೆಯುವ ಕೋಲು ಕೈಗೆ ಬಂದಿರುತ್ತದೆ. ಆದರೆ ಆ ಕೈಪಿಡಿ ಮುಖ್ಯವಾಗಿ ನ್ಯಾಯಾಧೀಶರಿಗೆ, ವಕೀಲರಿಗೆ. ಸಾಕ್ಷಿ ತನ್ನ ಬಾಯಿಂದ ‘ಹಾದರಗಿತ್ತಿ’ ಅಂದಿದ್ದರೆ ನಾನು ‘ವುಮನ್’ ಅಂತ ತಿದ್ದಿ ಕೊಡಲಾರೆ. ಅವನ ದ್ವೇಷವೂ ನ್ಯಾಯಾಧೀಶರಿಗೆ ಕಾಣಬೇಕಲ್ಲ. ಅವನು ಅನ್ನದಿದ್ದಾಗ ನಾನಾಗಿ ಸೇರಿಸುವುದಿಲ್ಲ, ಅಷ್ಟೇ.

ಹೋದ ವಾರ ಒಂದು ಪಾಟೀ ಸವಾಲಿನಲ್ಲಿ, ಹಣ ನುಂಗಿದ ಆರೋಪ ಹೊತ್ತವನ ಬಗ್ಗೆ ಅವನ ಹಳೆಯ ಮಾಲೀಕರೇ ‘ಅವನು ನಿಯತ್ತಿನ ಮನುಷ್ಯ’ ಅಂದಿದ್ದಾರೆ. ಹುಡುಗಿ ‘ಅಕ್ಕಾ, ಆನೆಸ್ಟ್ ಹಾಕಲೇನು?’ ಅಂದಳು. ಹಾಕಬಹುದು. ‘ಲಾಯಲ್’ ಕೂಡ ಆದೀತು. ನಾಯಿಗೆ ಇರುವ ನಿಯತ್ತು ಅದೇ ತಾನೆ. ಅರಬಿಯಿಂದ ಬಂದ ಈ ಪದದ ಮೂಲ ಅರ್ಥ ‘ಉದ್ದೇಶ’. ಈ ಪ್ರಕರಣದಲ್ಲಿ ತೀರ್ಮಾನ ಆಗಬೇಕಾದದ್ದೂ ಅವನ ಉದ್ದೇಶವೇ. ವಿರುದ್ಧ ಪದ ಹೇಳು ಅಂದೆ. ‘ನಿಯತ್ತಿಲ್ಲದವ’ ಅಂದಳು. ‘ನಿಯತ್ತಿಲ್ಲದವ ಏನು ಮಾಡ್ತಾನ?’ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಉಂಡ ಮನಿ ಗಳ ಎಣಸ್ತಾನ’ ಅಂದಳು. ಇಬ್ಬರೂ ಮತ್ತೆ ಹೇಳಿಕೆಯ ಮೊದಲ ಪುಟಕ್ಕೆ ಹೋಗಿ, ಆ ಮಾಲೀಕರು ಅವನನ್ನು ಎಷ್ಟು ವರ್ಷ ಇಟ್ಟುಕೊಂಡಿದ್ದರು, ಗಲ್ಲೆಯ ಕೀಲಿ ಯಾರ ಹತ್ತಿರ ಇರುತ್ತಿತ್ತು ಅಂತ ಓದತೊಡಗಿದೆವು.