ಹೊನ್ನಿಕೇರಿ ಅಂಚಿನ ಕಡಲೆ ಹೊಲ

ಕಲಬುರಗಿಯಿಂದ ಬೀದರ್‌ಗೆ ಮೊದಲೆಲ್ಲ ಬಸ್ಸೇ ಗತಿ. 2017ರಲ್ಲಿ ರೈಲು ಶುರುವಾದ ಮೇಲೆ ನನಗೆ ಈ ದಾರಿಯೇ ಇಷ್ಟ. ಮರಗುತ್ತಿ ಸುರಂಗ ದಾಟಿ ಹುಮನಾಬಾದ್ ಕಡೆ ಹೋದಂತೆ ಮಣ್ಣಿನ ಬಣ್ಣ ಬದಲಾಗುತ್ತದೆ. ಬೀದರ್ ಮುಟ್ಟುವಷ್ಟರಲ್ಲಿ ಪೂರಾ ಕೆಂಪು.

ಜನವರಿ ಚಳಿ. ಬೀದರ್‌ಗೆ ಹೋದವರು ಕೋಟೆ, ಗವಾನ್ ಮದರಸಾ ನೋಡಿ ಬರುತ್ತಾರೆ. ನನಗೆ ಈ ಸಲ ಚಿಗರಿ ನೋಡಬೇಕಿತ್ತು. ಪುಸ್ತಕದಲ್ಲಿ ಕೃಷ್ಣಮೃಗ ಅಂತಾರೆ. ನಮ್ಮ ಕಡೆ ಚಿಗರಿ ಅಂದ್ರೇನೇ ಗೊತ್ತಾಗೋದು.

ಬೆಳಕು ಹರಿಯುವ ಮೊದಲೇ ಆಟೋ ಹಿಡಿದು ಹೊನ್ನಿಕೇರಿ ಮೀಸಲು ಅರಣ್ಯದ ಅಂಚಿಗೆ ಹೋದೆ. ಅರ್ಧ ಗಂಟೆ ಕಾದಿರಬಹುದು. ಮಂಜಿನಲ್ಲಿ ಮೊದಲು ಕಂಡಿದ್ದು ಕೊಂಬು, ತಿರುಪು ಹಾಕಿದ ಹಾಗೆ ಸುತ್ತಿಕೊಂಡ ಎರಡು ಕೊಂಬು. ಆಮೇಲೆ ಕಪ್ಪು ಬೆನ್ನು, ಬಿಳಿ ಹೊಟ್ಟೆ. ಅದರ ಹಿಂದೆ ಕಂದು ಬಣ್ಣದ ಹೆಣ್ಣುಗಳು. ಎಣಿಸಿದೆ, ಹದಿನಾಲ್ಕು. ಕಾಡಿನ ಗಡಿಯ ಒಡ್ಡನ್ನು ಒಂದೊಂದಾಗಿ ಹಾರಿ, ನೇರ ಪಕ್ಕದ ಕಡಲೆ ಹೊಲಕ್ಕೆ ಇಳಿದವು.

ಆ ಹೊಲದ ಮಾಲೀಕರು ಅಲ್ಲೇ ಇದ್ದರು. ತಲೆಗೆ ರುಮಾಲು, ಕೈಯಲ್ಲಿ ಕೋಲು. ಹೊಲದ ಸುತ್ತ ಹಳೇ ಸೀರೆಗಳನ್ನು ಬೇಲಿಯಂತೆ ಕಟ್ಟಿದ್ದರು, ಒಂದು ಕಡೆ ಬಿಟ್ಟು. ಆ ಕಡೆಯಿಂದಲೇ ಚಿಗರಿ ಬಂದಿದ್ದು. ಯಾಕೆ ಬಿಟ್ಟಿದ್ದೀರಿ ಅಂದೆ.

"ಪೂರಾ ಕಟ್ಟಿದ್ರ ಅವು ಎಲ್ಲಿ ಹೋಗ್ಬೇಕ್ರೀ? ನಾಲ್ಕ್ ಸಾಲ ತಿಂತಾವ, ತಿನ್ಲಿ. ಕರೆಂಟ್ ತಂತಿ ಹಾಕೋ ಪಾಪ ನಂಗ ಬ್ಯಾಡ."

ಕಡಲೆ ಎಲೆ ಮೇಲೆ ಇಬ್ಬನಿ ನಿಂತಿತ್ತು. ಅವರು ಬೆರಳಲ್ಲಿ ಒರೆಸಿ ನೆಕ್ಕಿದರು, ನನಗೂ ಹೇಳಿದರು. ಹುಳಿ! ಕಡಲೆ ಗಿಡ ಎಲೆಯಿಂದಲೇ ಹುಳಿ ಜಿನುಗಿಸುತ್ತದೆ. ಹಿಂದೆ ರಾತ್ರಿ ಬಟ್ಟೆ ಹಾಸಿ, ಬೆಳಿಗ್ಗೆ ಹಿಂಡಿ ಆ ಹುಳಿಯನ್ನು ಮನೆಯಲ್ಲಿ ಬಳಸುತ್ತಿದ್ದರಂತೆ.

ಚಿಗರಿಗಳು ಹೋದ ಮೇಲೆ ಒಡ್ಡಿನ ಆಚೆ ನಡೆದೆವು. ಒಂದು ಕಡೆ ಹಿಕ್ಕೆಯ ರಾಶಿ. ಗಂಡು ಚಿಗರಿ ತನ್ನ ಜಾಗ ಇದು ಅಂತ ತೋರಿಸೋಕೆ ದಿನಾ ಅಲ್ಲೇ ಬಂದು ಹಾಕುತ್ತದೆ. ಒಣಗಿದ ಒಂದು ಹಿಕ್ಕೆಯನ್ನು ಚಿವುಟಿದೆ. ಒಳಗೆ ಜಾಲಿ ಬೀಜ, ಗಟ್ಟಿಯಾಗೇ ಇತ್ತು. ಬೇಸಿಗೆಯಲ್ಲಿ ಹುಲ್ಲಿಲ್ಲದಾಗ ಅದು ಬಳ್ಳಾರಿ ಜಾಲಿಯ ಕಾಯಿ ತಿನ್ನುತ್ತದೆ. ಹಾಗೆ ತಿಂದು ತನ್ನ ಬಯಲಿಗೆ ತಾನೇ ಮುಳ್ಳು ಬಿತ್ತುತ್ತದೆ, ಪಾಪ. ಚಿಗರಿಗೆ ಬೇಕಾದ್ದು ಬಯಲು. ದೂರದ ತೋಳ, ನಾಯಿ ಕಣ್ಣಿಗೆ ಬಿದ್ದರೆ ಓಡಿ ಉಳಿಯುವ ಪ್ರಾಣಿ ಅದು. ಜಾಲಿ ದಟ್ಟವಾದರೆ ಕಾಣುವುದಿಲ್ಲ, ಓಡೋಕೂ ಆಗಲ್ಲ. ಖಾಲಿ ಹುಲ್ಲುಗಾವಲು ಕಂಡರೆ ಸಾಕು ಸಸಿ ನೆಡೋಣ ಅನ್ನುವವರನ್ನು ನೋಡಿದರೆ ನನಗೆ ಸಂಕಟ ಆಗುತ್ತದೆ. ಆ ಹುಲ್ಲು ಖಾಲಿ ಅಲ್ಲ.

ಕಾಡಿನ ಹುಲ್ಲು ಸರ್ಕಾರದ್ದು, ದನ ಕುರಿ ಮೇಯಲು ಬಿಟ್ಟ ಗೈರಾಣ ಊರವರೆಲ್ಲ ಬಳಸುವಂಥದ್ದು, ಕಡಲೆ ರೈತರದ್ದು. ಚಿಗರಿ ಒಂದೇ ಬೆಳಿಗ್ಗೆ ಮೂರನ್ನೂ ಮೇಯುತ್ತದೆ. ಸರ್ಕಾರಿ ಗಡಿಯೊಳಗೆ ಮಾತ್ರ ಕಾಯುತ್ತೇವೆ ಅಂದರೆ ಅರ್ಧ ಚಿಗರಿಯನ್ನು ಕಾಯ್ದ ಹಾಗಾಯಿತು. ಉಳಿದ ಅರ್ಧ ಈ ಮನುಷ್ಯನ ಸೈರಣೆ ಮೇಲೆ ನಿಂತಿದೆ. ಬೆಳೆಹಾನಿ ಪರಿಹಾರಕ್ಕೆ ಅರ್ಜಿ ಹಾಕಿ ಎರಡು ಸಲ ಕಚೇರಿಗೆ ಅಲೆದು, ಮೂರನೇ ಸಲ ಹೋಗುವುದನ್ನೇ ಬಿಟ್ಟರಂತೆ. ಕೇಳಿ ನನಗೇ ಸಿಟ್ಟು ಬಂತು.

ಅವರ ಹೊಲದ ಬದುವಿನಲ್ಲಿ ಬಾರಿ ಗಿಡ, ತಂಗಡಿ, ಕರಕಿ ಹುಲ್ಲು ಹಾಗೇ ಉಳಿದಿದ್ದವು. ಪಕ್ಕದ ಹೊಲದಲ್ಲಿ ಬದುವನ್ನೂ ಉತ್ತು ಬಿಟ್ಟಿದ್ದಾರೆ. ಬಿತ್ತನೆಗೆ ಮೊದಲು ಇವರು ಕುರುಬರ ಕುರಿ ಹಿಂಡನ್ನು ಹೊಲದಲ್ಲಿ ನಿಲ್ಲಿಸಿಕೊಳ್ಳುತ್ತಾರೆ, ಗೊಬ್ಬರಕ್ಕೆ. ಆ ಕುರಿ ಉಳಿದ ತಿಂಗಳು ಮೇಯುವುದು ಗೈರಾಣದಲ್ಲೇ. ಯಾವ ಯೋಜನೆಯೂ ಹೇಳಿಕೊಟ್ಟ ಪಾಲುದಾರಿಕೆ ಅಲ್ಲ ಇದು, ಅಲ್ವಾ?

ಚಹಾ ಕುಡಿಯುತ್ತಾ ಕೊಕ್ಕರೆ ಬೆಳ್ಳೂರಿನ ಕಥೆ ಹೇಳಿದೆ. ಮದ್ದೂರು ತಾಲೂಕಿನ ಆ ಊರಲ್ಲಿ ಹೆಜ್ಜಾರ್ಲೆ, ಕೊಕ್ಕರೆಗಳು ಜನರ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ವನ್ಯಜೀವಿ ಕಾಯ್ದೆಗೆ 2002ರಲ್ಲಿ ತಿದ್ದುಪಡಿ ಆದ ಮೇಲೆ ಇದಕ್ಕೆ ದಾರಿ ಸಿಕ್ಕಿದ್ದು. ಜನ ತಾವಾಗಿ ಮುಂದೆ ಬಂದರೆ ಊರಿನ ಜಮೀನನ್ನೂ ಖಾಸಗಿ ಜಮೀನನ್ನೂ ಹಾಗೆ ಘೋಷಿಸಬಹುದು.

ಅವರು ಲೋಟ ಕೆಳಗಿಟ್ಟರು. "ಹೊಲ ನಮ್ದು ಹೋಗ್ತದೇನ್ರೀ?"

ಹೋಗಲ್ಲ ಅಂದೆ. ಮಾಲೀಕತ್ವ ಅವರದ್ದೇ. ಖಾಸಗಿ ಜಮೀನಾದರೆ ನೋಡಿಕೊಳ್ಳುವ ಸಮಿತಿಯಲ್ಲಿ ಮಾಲೀಕರೂ ಇರುತ್ತಾರೆ, ಜೊತೆಗೆ ಅರಣ್ಯ ಇಲಾಖೆಯವರು, ಪಂಚಾಯಿತಿಯವರು. ಆದರೆ ಆಮೇಲೆ ಜಮೀನಿನ ಬಳಕೆ ಬದಲಿಸಬೇಕಾದರೆ ಸಮಿತಿ ನಿರ್ಣಯ ಬೇಕು, ಸರ್ಕಾರದ ಒಪ್ಪಿಗೆಯೂ ಬೇಕು. ನಾಳೆ ಸುಮ್ನೆ ಪ್ಲಾಟ್ ಹಾಕಿ ಮಾರೋಕಾಗಲ್ಲ. ಇದನ್ನೂ ಮುಚ್ಚಿಡದೆ ಹೇಳಿದೆ.

ಬಹಳ ಹೊತ್ತು ಮಾತಾಡಲಿಲ್ಲ. ಬೀದರ್ ಬೆಳೆಯುತ್ತಿದೆ, ರಸ್ತೆ ಪಕ್ಕದ ಹೊಲಗಳಲ್ಲಿ ಕಲ್ಲು ನೆಟ್ಟಾಗಿದೆ. ಅವರಿಗೆ ಇಬ್ಬರು ಮಕ್ಕಳು.

"ಪೂರಾ ಹೊಲ ಅಂದ್ರ ಆಗಲ್ರೀ. ಒಡ್ಡಿನ ಕಡೀ ಅರ್ಧ ಎಕರೆ... ಗೈರಾಣಾನೂ ಸೇರಿಸಿದ್ರ ಊರಾಗ ಕೇಳಿ ನೋಡ್ಬಹುದು. ಆ ಕಾನೂನಿಂದು ನಂಬರ್ ಏನಂದ್ರಿ?"

ಜೇಬಲ್ಲಿದ್ದ ರೈಲು ಟಿಕೆಟ್ ತೆಗೆದು, ಹಿಂದೆ 36-ಸಿ ಅಂತ ದಪ್ಪಕ್ಷರದಲ್ಲಿ ಬರೆದು ಕೊಟ್ಟೆ. ಅವರು ಅದನ್ನು ಮಡಚಿ ರುಮಾಲಿನೊಳಗೆ ಸಿಕ್ಕಿಸಿಕೊಂಡರು.